ಮುಳ್ಳಿಗೊಪ್ಪುವ ಹತಾರ: ಕಳ್ಳಿ ಸಾಕಣೆಗೆ ಮನೆಯಲ್ಲೇ ಒದಗುವ ಸಲಕರಣೆಗಳು

ಪಾಪಾಸುಕಳ್ಳಿಯನ್ನೂ ಅದರ ಬಂಧುಗಳನ್ನೂ ಒಳಗೊಂಡ ಕ್ಯಾಕ್ಟೇಸಿ ಕುಟುಂಬವನ್ನು ಉಳಿದ ಮುಳ್ಳುಗಿಡಗಳಿಂದ ಬೇರ್ಪಡಿಸುವ ಗುರುತು ಮುಳ್ಳು ಹುಟ್ಟುವ ನೆಲೆಯಲ್ಲಿದೆ. ಕಾಂಡದ ಮೇಲೆ ಸಾಲುಸಾಲಾಗಿ ಕಾಣುವ, ನವಿರಾದ ರೋಮ ತುಂಬಿದ ಈ ಚಿಕ್ಕ ಗುಬುಟಿಗೆ ಏರಿಯೋಲ್ ಎಂದು ಹೆಸರು. ಮುಳ್ಳು, ಹೂವು, ಹೊಸ ಕವಲು ಎಲ್ಲವೂ ಹೊರಡುವುದು ಇಲ್ಲಿಂದಲೇ. ಮುಳ್ಳೆಂಬುದು ರೂಪಾಂತರಗೊಂಡ ಎಲೆಯಾಗಿದ್ದು, ಹೆಚ್ಚಿನ ಜಾತಿಗಳಲ್ಲಿ ಅದು ಕಾಂಡದ ಬೆಳೆಯುವ ತುದಿಯಲ್ಲಿ ಮಾತ್ರ ಮೂಡುವುದರಿಂದ, ಒಮ್ಮೆ ಮುರಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುವುದು ಅಪರೂಪ. ಕಾಂಡದ ಸಿಪ್ಪೆಗೆ ಬಿದ್ದ ಗಾಯವೂ ಮಾಸದೆ ಬೆಂಡಿನ ಬಣ್ಣದ ಕಲೆಯಾಗಿ ಉಳಿಯುತ್ತದೆ. ಸಿಪ್ಪೆಯೊಳಗಿನ ನೀರು ತುಂಬಿದ ತಿರುಳಿಗೆ ತೇವ ತಗುಲಿದರೆ ಆ ಗಾಯವೇ ಕೊಳೆರೋಗದ ಬಾಗಿಲಾಗುತ್ತದೆ. ಆದ್ದರಿಂದ ಕಳ್ಳಿಯ ಆರೈಕೆಗೆ ಬಳಸುವ ಯಾವುದೇ ಹತಾರ ಒತ್ತಡವನ್ನು ಹಲವು ಮುಳ್ಳುಗಳ ಮೇಲೆ ಹಂಚಬೇಕು, ಮುಳ್ಳನ್ನು ಮುರಿಯಬಾರದು, ಕಾಂಡವನ್ನು ಜಜ್ಜಬಾರದು. ಮೆತ್ತನೆಯ ಎಲೆಗಿಡಗಳನ್ನು ಗಮನದಲ್ಲಿಟ್ಟು ತಯಾರಾದ ಅಂಗಡಿಯ ಲೋಹದ ಉಪಕರಣಗಳು ಈ ಪರೀಕ್ಷೆಯಲ್ಲಿ ಸೋಲುವುದೇ ಹೆಚ್ಚು; ಮನೆಯ ಹಳೆಯ ವಸ್ತುಗಳು, ಗಿಡದ ದೇಹರಚನೆಯನ್ನು ಅರಿತು ಆರಿಸಿಕೊಂಡರೆ, ಅವುಗಳಿಗಿಂತ ಚೆನ್ನಾಗಿ ದುಡಿಯುತ್ತವೆ.

ಕಳ್ಳಿಯನ್ನು ಹಿಡಿಯುವ ಸಾಧನಗಳಲ್ಲಿ ಮೊದಲ ಸ್ಥಾನ ಹಳೆಯ ದಿನಪತ್ರಿಕೆಗೆ ಸಲ್ಲಬೇಕು. ಒಂದು ಪೂರ್ಣ ಹಾಳೆಯನ್ನು ಉದ್ದಕ್ಕೆ ಮಡಿಸುತ್ತ ಹೋಗಿ ಮೂರು ನಾಲ್ಕು ಸೆಂಟಿಮೀಟರ್ ಅಗಲದ ದಪ್ಪ ಪಟ್ಟಿ ಮಾಡಿ, ಅದನ್ನು ಗಿಡದ ನಡುವಿಗೆ ಒಂದು ಸುತ್ತು ಬಳಸಿ, ಎರಡೂ ತುದಿಗಳನ್ನು ಗಿಡದ ಮೈಗೆ ಹತ್ತಿರವಾಗಿ ಒಟ್ಟುಗೂಡಿಸಿ ಹಿಡಿದರೆ ಗಿಡಕ್ಕೊಂದು ಹಿಡಿಕೆ ಬಂದಂತಾಗುತ್ತದೆ. ಕಾಗದದ ಪದರಗಳು ಮುಳ್ಳಿನ ತುದಿಗಳಿಗೆ ತಕ್ಕಂತೆ ತಗ್ಗುವುದರಿಂದ ಹಿಡಿತದ ಬಲ ಒಂದೆರಡು ಮುಳ್ಳುಗಳ ಮೇಲೆ ಬೀಳದೆ ಸುತ್ತಲೂ ಹರಡುತ್ತದೆ. ಗಿಡ ಮೊಣಕಾಲೆತ್ತರ ಮೀರಿದಾಗ ಕಾಗದ ಸಾಲದು. ಆಗ ಮಡಿಸಿದ ಗೋಣಿಚೀಲ ಅಥವಾ ಹಳೆಯ ಜಮಖಾನದ ತುಂಡನ್ನು ಸುತ್ತಿ, ಒಬ್ಬರು ಬುಡವನ್ನೂ ಮತ್ತೊಬ್ಬರು ಮೇಲ್ಭಾಗವನ್ನೂ ಆಧರಿಸಿ ಎತ್ತಬೇಕು. ಅಡಕೆ ತೋಟವಿರುವ ಕಡೆಗಳಲ್ಲಿ ಅಡಕೆ ಹಾಳೆಯೂ ಇದಕ್ಕೆ ಒದಗುತ್ತದೆ: ನೀರಿನಲ್ಲಿ ನೆನೆಸಿದಾಗ ಅದು ಮುರಿಯದೆ ಬಾಗುತ್ತದೆ, ಒರೆಸಿ ಸುತ್ತಿದರೆ ಬಟ್ಟೆಯ ಹಾಗೆ ಮುಳ್ಳಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮ್ಯಾಮಿಲೇರಿಯಾ ಮತ್ತು ಫೆರೋಕ್ಯಾಕ್ಟಸ್ ಕುಲಗಳ ಕೆಲವು ಜಾತಿಗಳಲ್ಲಿ ಮುಳ್ಳಿನ ತುದಿ ಕೊಕ್ಕೆಯಾಗಿರುವುದರಿಂದ ಅವುಗಳ ಹತ್ತಿರ ಬಟ್ಟೆ, ಉಣ್ಣೆ, ಗೋಣಿ ಯಾವುದನ್ನೂ ತರಬಾರದು. ನೂಲು ಕೊಕ್ಕೆಗೆ ಸಿಕ್ಕಿದ ಮೇಲೆ ಬಿಡಿಸುವ ಪ್ರಯತ್ನದಲ್ಲಿ ಮುಳ್ಳು ಬುಡಸಮೇತ ಕಿತ್ತುಬರುತ್ತದೆ.

ಅಂಗೈಯಷ್ಟು ಚಿಕ್ಕ ಗಿಡಗಳಿಗೆ, ಮುಳ್ಳು ನೇರವಾಗಿದ್ದರೆ, ಟಿವಿ ಅಥವಾ ಮಿಕ್ಸಿಯ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲ್ ಬಹಳ ಒಳ್ಳೆಯದು. ಎರಡು ತುಂಡುಗಳನ್ನು ಎರಡು ಬದಿಯಿಂದ ಮೆಲ್ಲಗೆ ಒತ್ತಿದರೆ ಮುಳ್ಳುಗಳು ಅದರೊಳಗೆ ಇಳಿದು ನಿಲ್ಲುತ್ತವೆ, ಕೆಲಸ ಮುಗಿದ ಮೇಲೆ ತುಂಡುಗಳನ್ನು ನೇರವಾಗಿ ಹಿಂದಕ್ಕೆಳೆದರೆ ಮುರಿಯದೆ ಈಚೆಗೆ ಬರುತ್ತವೆ. ಅಡುಗೆಮನೆಯ ಇಕ್ಕಳವನ್ನು ಬಳಸುವವರು ಅದರ ಬಾಯಿಗೆ ಸೈಕಲ್ ಟ್ಯೂಬಿನ ತುಂಡನ್ನು ಸುತ್ತಿ ದಾರದಿಂದ ಬಿಗಿಯುವುದು ಅವಶ್ಯ. ಬರಿಯ ಕಬ್ಬಿಣದ ಅಂಚು ಕಾಂಡದ ಏಣುಗಳನ್ನು ಜಜ್ಜುತ್ತದೆ, ಆ ಪೆಟ್ಟು ಹೊರಗೆ ಕಾಣಿಸಿಕೊಳ್ಳುವುದು ಹಲವು ದಿನಗಳ ನಂತರ, ಕಲೆಯಾಗಿ ಇಲ್ಲವೇ ಕೊಳೆತವಾಗಿ.

ಪಾಪಾಸುಕಳ್ಳಿಯ, ಅಂದರೆ ಒಪನ್ಷಿಯಾ ಕುಲದ, ವಿಷಯವೇ ಬೇರೆ. ಅಮೆರಿಕ ಖಂಡದ ಈ ಗಿಡ ದಕ್ಷಿಣ ಭಾರತದ ಬಯಲುಗಳಲ್ಲಿ ಎಷ್ಟು ಹಬ್ಬಿತೆಂದರೆ, ಅದನ್ನು ಹತ್ತಿಕ್ಕಲು 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ಜಾತಿಯ ಕೀಟವೊಂದನ್ನು ತಂದು ಬಿಡಬೇಕಾಯಿತು. ಇದರ ಏರಿಯೋಲ್‌ಗಳಲ್ಲಿ ದೊಡ್ಡ ಮುಳ್ಳುಗಳ ಜೊತೆಗೆ ಗ್ಲೋಕಿಡ್ ಎಂಬ ಕೂದಲಿನಷ್ಟು ಸಣ್ಣ ಮುಳ್ಳುಗಳ ಕುಚ್ಚು ಇರುತ್ತದೆ. ಪ್ರತಿಯೊಂದರ ಮೈಮೇಲೆ ಹಿಮ್ಮುಖವಾದ ಸೂಕ್ಷ್ಮ ಮುಳ್ಳುಗರಿಗಳಿರುವುದರಿಂದ ಅವು ಸೋಂಕಿದ ಮಾತ್ರಕ್ಕೆ ಗಿಡದಿಂದ ಕಳಚಿ ಚರ್ಮದೊಳಗೆ ನಾಟಿಕೊಳ್ಳುತ್ತವೆ. ಇಲ್ಲಿ ಬೆಲೆಬಾಳುವ ಚರ್ಮದ ಕೈಗವಸು ರಕ್ಷಣೆಯಂತೆ ತೋರಿದರೂ ಅಪಾಯಕಾರಿಯೇ, ಏಕೆಂದರೆ ಗ್ಲೋಕಿಡ್‌ಗಳು ಅದರಲ್ಲಿ ಉಳಿದು ಮುಂದಿನ ಸಲ ಅದನ್ನು ಮುಟ್ಟಿದವರ ಕೈಗೆ ದಾಟುತ್ತವೆ. ಬಳಸಿ ಬಿಸಾಡಬಹುದಾದ ಕಾಗದದ ಪಟ್ಟಿಯೇ ಇಂಥ ಗಿಡಕ್ಕೆ ಸರಿಯಾದ ಹತಾರ. ಕೈಗೆ ಚುಚ್ಚಿಯೇಬಿಟ್ಟರೆ ಉಜ್ಜಬಾರದು; ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿಯ ನೆರವಿನಿಂದ, ಚಿಮಟದಲ್ಲಿ ಸಿಕ್ಕಷ್ಟನ್ನೂ ಕಿತ್ತು, ಉಳಿದವುಗಳ ಮೇಲೆ ಮರಗೆಲಸದ ಬಿಳಿ ಅಂಟನ್ನು ತೆಳುವಾಗಿ ಬಳಿದು, ತೆಳ್ಳನೆಯ ಗಾಜ್ ಬಟ್ಟೆಯನ್ನು ಅಂಟಿಸಿ, ಪೂರ್ಣ ಒಣಗಿದ ಮೇಲೆ ಸುಲಿದು ತೆಗೆಯಬೇಕು. ಚಿಮಟ ಮತ್ತು ಅಂಟು ಒಂದಾದ ಮೇಲೊಂದು ಬಳಕೆಯಾದಾಗ ಸಿಗುವ ಫಲ ಒಂದರಿಂದಲೇ ಸಿಗುವುದಿಲ್ಲ. ಕಣ್ಣಿಗೆ ಬಿದ್ದ ಗ್ಲೋಕಿಡ್ ಮಾತ್ರ ಮನೆಮದ್ದಿನ ವಿಷಯವಲ್ಲ. ಅದನ್ನು ವೈದ್ಯರೇ ತೆಗೆಯಬೇಕು.

ಮಣ್ಣಿನ ಕೆಲಸಕ್ಕೆ ಬೇಕಾದ ಮುಖ್ಯ ಸಾಧನ ಜರಡಿ. ಇಟ್ಟಿಗೆಯ ಚೂರು, ಇದ್ದಿಲು, ದಪ್ಪ ಮರಳು ಇವುಗಳನ್ನು ಕಿಟಕಿಗೆ ಹಾಕುವ ಸೊಳ್ಳೆಪರದೆಯ ತುಂಡಿನಲ್ಲಿ ಜರಡಿ ಹಿಡಿದು ದೂಳನ್ನು ಕಳೆದರೆ, ಉಳಿದ ಹರಳುಗಳ ನಡುವೆ ಗಾಳಿಯಾಡುವ ಸಂದುಗಳು ಉಳಿಯುತ್ತವೆ. ಕಳ್ಳಿಯ ಬೇರಿಗೆ ನೀರಿನಷ್ಟೇ ಅಗತ್ಯವಾದದ್ದು ಈ ಗಾಳಿ. ಮೊಸರಿನ ಖಾಲಿ ಡಬ್ಬಿಗೆ ಕಾಯಿಸಿದ ಮೊಳೆಯಿಂದ ತಳದಲ್ಲಿ ನಾಲ್ಕಾರು ತೂತು ಕೊರೆದು, ಮೇಲೆ ಅದೇ ಸೊಳ್ಳೆಪರದೆಯ ಚೂರನ್ನು ಹಾಸಿದರೆ ಕುಂಡ ಸಿದ್ಧ. ತಳದಲ್ಲಿ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ: ಸಣ್ಣ ಕಣಗಳ ಮಣ್ಣು ತನ್ನ ಕಿರಿದಾದ ಸಂದುಗಳ ಸೆಳೆತದಿಂದ ನೀರನ್ನು ಹಿಡಿದಿಟ್ಟುಕೊಂಡು, ತೇವ ತುಂಬಿಹೋಗುವವರೆಗೂ ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲವಾದ್ದರಿಂದ, ಒದ್ದೆಯ ವಲಯ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮುಳ್ಳುಗಳ ನಡುವೆ ಮಣ್ಣು ಸುರಿಯಲು ನೀರಿನ ಬಾಟಲಿಯನ್ನು ಓರೆಯಾಗಿ ಕತ್ತರಿಸಿದ ಮೊಗೆ ಸಾಕು, ಬೇರಿನ ಸುತ್ತ ಮಣ್ಣನ್ನು ಕೂರಿಸಲು ಪೆನ್ಸಿಲಿನ ಮೊಂಡು ತುದಿ ಸಾಕು.

ಕಳ್ಳಿ ಸಾಯುವುದು ಬಾಯಾರಿಕೆಯಿಂದಲ್ಲ, ಬಹುತೇಕ ನೀರಿನ ಅತಿಯಿಂದ. ಕಾಂಡದ ಮೇಲಿನ ಉಸಿರಾಟದ ರಂಧ್ರಗಳನ್ನು ಇದು ಹಗಲಿನಲ್ಲಿ ಮುಚ್ಚಿ ತಂಪಾದ ರಾತ್ರಿಯಲ್ಲಿ ತೆರೆದು, ಆಗ ಹೀರಿದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು ಹಗಲು ಬಳಸುತ್ತದೆ. ಹೀಗಾಗಿ ಆವಿಯಾಗಿ ಹೋಗುವ ನೀರು ತೀರ ಕಡಿಮೆ. ಮೇಲ್ಮಣ್ಣು ಒಣಗಿದಂತೆ ಕಂಡರೂ ಕುಂಡದ ಒಡಲು ಒದ್ದೆಯಾಗಿರಬಹುದೆಂಬುದನ್ನು ಕಂಡುಹಿಡಿಯಲು ಕಡ್ಡಿಪೊರಕೆಯ ಒಂದು ಕಡ್ಡಿಯೇ ಮಾಪಕ: ಅದನ್ನು ಅಂಚಿನಲ್ಲಿ ತಳದವರೆಗೆ ಇಳಿಸಿ, ಕೆಲವು ನಿಮಿಷ ಬಿಟ್ಟು ತೆಗೆದಾಗ ಮಣ್ಣು ಅಂಟಿ ಬಂದರೆ ಅಥವಾ ಕಡ್ಡಿ ತಣ್ಣಗೆನಿಸಿದರೆ ನೀರು ಬೇಡ. ಇದಕ್ಕಿಂತ ನಿಖರವಾದ ದಾರಿ ಅಡುಗೆಮನೆಯ ತಕ್ಕಡಿ. ಒಣಗಿದಾಗಿನ ಮತ್ತು ನೀರುಂಡಾಗಿನ ತೂಕವನ್ನು ಕುಂಡದ ಮೇಲೆಯೇ ಬರೆದಿಟ್ಟರೆ ಊಹೆಗೆ ಎಡೆಯಿಲ್ಲ. ನೀರನ್ನು ಕಾಂಡದ ನೆತ್ತಿಗೆ ಸುರಿಯದೆ ಬುಡಕ್ಕಷ್ಟೇ ಮುಟ್ಟಿಸಲು, ಒತ್ತಿದರೆ ಚಿಮ್ಮುವ ಸಾಸ್ ಬಾಟಲಿಯ ಮೂತಿಗೆ ತೆಳು ನಳಿಕೆಯೊಂದನ್ನು ಸಿಕ್ಕಿಸಿಕೊಳ್ಳಬಹುದು.

ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವೇ ಕಳ್ಳಿಗೆ ದೊಡ್ಡ ಕಂಟಕ. ತಳ ಕತ್ತರಿಸಿದ ದೊಡ್ಡ ನೀರಿನ ಕ್ಯಾನನ್ನು ಮುಚ್ಚಳ ತೆಗೆಯದೆ ಗಿಡದ ಮೇಲೆ, ನಾಲ್ಕು ಇಟ್ಟಿಗೆ ತುಂಡುಗಳ ಆಸರೆಯಲ್ಲಿ ನಿಲ್ಲಿಸಿದರೆ ಮಳೆ ತಪ್ಪುತ್ತದೆ, ಕೆಳಗಿನಿಂದ ಗಾಳಿಯೂ ಆಡುತ್ತದೆ. ಬಿಸಿಲು ಬಂದ ದಿನ ಅದನ್ನು ತೆಗೆಯದಿದ್ದರೆ ಗಿಡ ಒಳಗೇ ಬೇಯುತ್ತದೆ. ಕನ್ನಡನಾಡಿನ ಮನೆಗಳಲ್ಲಿ ಬ್ರಹ್ಮಕಮಲವೆಂದು ಸಾಕುವ, ರಾತ್ರಿಯಲ್ಲಿ ಅರಳುವ ಎಪಿಫಿಲಮ್ ಕೂಡ ಇದೇ ಕುಟುಂಬದ್ದಾದರೂ, ಅದರ ಮೂಲನೆಲೆ ತೇವದ ಕಾಡುಗಳ ಮರದ ಕೊಂಬೆಗಳಾದ್ದರಿಂದ ಈ ಕೊಡೆ ಅದಕ್ಕೆ ಬೇಕಿಲ್ಲ.

ಬೀಜದಿಂದ ಗಿಡ ಮಾಡುವಾಗ ನಿಯಮ ತಿರುವುಮುರುವಾಗುತ್ತದೆ, ಏಕೆಂದರೆ ಮೊಳಕೆಗೆ ನೀರು ಕೂಡಿಡುವ ಒಡಲು ಇನ್ನೂ ಬಂದಿರುವುದಿಲ್ಲ. ಸಿಹಿತಿಂಡಿಯ ಪಾರದರ್ಶಕ ಡಬ್ಬಿಯಲ್ಲಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ ಆರಿಸಿದ ಮಣ್ಣನ್ನು ಹರಡಿ, ಕುದಿಸಿ ತಣಿಸಿದ ನೀರಿನಿಂದ ತೇವ ಮಾಡಿ, ಬೀಜವನ್ನು ಮೇಲಷ್ಟೇ ಉದುರಿಸಬೇಕು. ಅನೇಕ ಕಳ್ಳಿಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕಾದ್ದರಿಂದ ಹೂಳಬಾರದು. ಗಸಗಸೆಗಿಂತ ಚಿಕ್ಕ ಬೀಜಗಳನ್ನು ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಗೆ ಅಂಟಿಸಿಕೊಂಡು ಒಂದೊಂದಾಗಿ ಇಡಬಹುದು. ಮುಚ್ಚಿದ ಡಬ್ಬಿಯಲ್ಲಿ ಆವಿಯಾದ ನೀರು ಮತ್ತೆ ಮಣ್ಣಿಗೇ ಇಳಿಯುವುದರಿಂದ, ನೇರ ಬಿಸಿಲು ತಾಗದ ಬೆಳಕಿನಲ್ಲಿ, 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದನ್ನು ತಿಂಗಳುಗಟ್ಟಲೆ ಮುಟ್ಟದೆ ಇಡಬಹುದು. ಮುಚ್ಚಳವನ್ನು ಮಾತ್ರ ಒಮ್ಮೆಲೇ ತೆಗೆಯದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತ ಹೋಗಬೇಕು.

ಕಸಿಗೆ ಬೇಕಾಗುವುದು ಹೊಸ ಕ್ಷೌರದ ಬ್ಲೇಡು, ಸ್ಪಿರಿಟ್ಟು ಮತ್ತು ರಬ್ಬರ್ ಬ್ಯಾಂಡು. ನರ್ಸರಿಗಳಲ್ಲಿ ಕಾಣುವ ಕೆಂಪು, ಹಳದಿ ಚೆಂಡಿನ ಕಳ್ಳಿಗೆ ಪತ್ರಹರಿತ್ತು ಇಲ್ಲವಾದ್ದರಿಂದ ಅದು ತನ್ನ ಆಹಾರವನ್ನು ತಾನು ತಯಾರಿಸಲಾರದು; ಡ್ರ್ಯಾಗನ್ ಫ್ರೂಟ್ ಬಳ್ಳಿಯ ಜಾತಿಯ ಹಸಿರು ಕಾಂಡದ ಮೇಲೆ ಕಸಿಯಾಗಿಯೇ ಅದು ಬದುಕುತ್ತದೆ. ಎರಡೂ ಕಾಂಡಗಳನ್ನು ಅಡ್ಡ ಕತ್ತರಿಸಿದಾಗ ನಡುವೆ ಕಾಣುವ ಉಂಗುರವೇ ನೀರು ಮತ್ತು ಆಹಾರವನ್ನು ಸಾಗಿಸುವ ನಾಳಗಳ ಗುಂಪು. ಮೇಲಿನ ಮತ್ತು ಕೆಳಗಿನ ಉಂಗುರಗಳು ಎಲ್ಲಾದರೂ ಒಂದೆಡೆ ಒಂದರ ಮೇಲೊಂದು ಕೂರದಿದ್ದರೆ ಕಸಿ ಹಿಡಿಯದು. ಬುಡಗಿಡದ ಅಂಚುಗಳನ್ನು ಓರೆಯಾಗಿ ಸವರುವುದೂ ಅಗತ್ಯ, ಇಲ್ಲವಾದರೆ ತಿರುಳು ಒಣಗಿ ಕುಗ್ಗಿದಾಗ ಗಡಸು ಸಿಪ್ಪೆ ಎತ್ತರದಲ್ಲಿ ಉಳಿದು ಮೇಲಿನ ತುಂಡನ್ನು ಎತ್ತಿಬಿಡುತ್ತದೆ. ಕುಂಡದ ಅಡಿಯಿಂದ ಬಳಸಿ ಹಾಕಿದ ರಬ್ಬರ್ ಬ್ಯಾಂಡು, ಅದು ಗಿಡವನ್ನು ಕೊಯ್ಯುವಂತಿದ್ದರೆ ಹಳೆಯ ಕಾಲುಚೀಲದ ಹಿಗ್ಗುವ ಪಟ್ಟಿ, ಒಂದೆರಡು ವಾರ ಹದವಾದ ಒತ್ತಡ ಕೊಡುತ್ತದೆ. ಕತ್ತರಿಸಿದಾಗ ಹಾಲು ಸುರಿದರೆ ಅದು ಬಹುಶಃ ಕ್ಯಾಕ್ಟೇಸಿಯ ಗಿಡವಲ್ಲ, ಯುಫೋರ್ಬಿಯಾ ಕುಲದ ಕಳ್ಳಿ. ಆ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿ ಮಾಡುವುದರಿಂದ ಕನ್ನಡಕವಿಲ್ಲದೆ ಅದಕ್ಕೆ ಬ್ಲೇಡು ತಾಗಿಸಬಾರದು.

ಏರಿಯೋಲ್‌ಗಳ ನಡುವೆ ಬಿಳಿಯ ಮೇಣದ ಹೊದಿಕೆಯಲ್ಲಿ ಅಡಗುವ ಹಿಟ್ಟು ತಿಗಣೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಕಿವಿಕಡ್ಡಿಯಿಂದ ಮುಟ್ಟಿದರೆ ಮೇಣ ಕರಗಿ ಕೀಟ ಸಾಯುತ್ತದೆ. ಬೂದಿಬಣ್ಣದ ಲೇಪವಿರುವ ಗಿಡಗಳಲ್ಲಿ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಮೇಲು. ಹೆಸರುಪಟ್ಟಿಗೆ ಮೊಸರಿನ ಡಬ್ಬಿಯ ಪ್ಲಾಸ್ಟಿಕ್ಕನ್ನೇ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಅದರ ಮೇಲೆ ಪೆನ್ನಿನ ಬದಲು ಪೆನ್ಸಿಲಿನಲ್ಲಿ ಬರೆಯಬೇಕು, ಶಾಯಿ ಬಿಸಿಲಿಗೆ ಮಾಸಿದರೂ ಗ್ರಾಫೈಟ್ ಉಳಿಯುತ್ತದೆ. ಗಿಡದ ಹೆಸರಿನ ಕೆಳಗೆ ಕುಂಡ ಬದಲಿಸಿದ ತಿಂಗಳು ಮತ್ತು ವರ್ಷವನ್ನೂ ನಮೂದಿಸಿದರೆ ಮುಂದಿನ ಮಣ್ಣು ಬದಲಾವಣೆಯ ಕಾಲ ತಾನಾಗಿ ತಿಳಿಯುತ್ತದೆ.