‘ಬರದ್ರ ರೊಕ್ಕ ಕೊಡ್ತಾರೇನ?’ – ಮನೆಯಲ್ಲಿದ್ದುಕೊಂಡೇ ಫ್ರೀಲಾನ್ಸ್ ಬರವಣಿಗೆ ಶುರು ಮಾಡೋರಿಗೆ

ಐದನೇ ಸೆಮಿಸ್ಟರ್ ರಜೆಯಲ್ಲಿ ಹುಲಗೂರಿಗೆ ಹೋದಾಗ ಅಪ್ಪ ಕೇಳಿದ ಪ್ರಶ್ನೆ ಇದು. ಪತ್ರಿಕೆಯೊಂದರಲ್ಲಿ ನನ್ನ ಮೊದಲ ಲೇಖನ ಬಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಮಡಚಿ ಮಾಡಿನಲ್ಲಿಟ್ಟು, “ಬರದ್ರ ರೊಕ್ಕ ಕೊಡ್ತಾರೇನ?” ಅಂದ. ಕೊಡ್ತಾರೆ ಅಂದೆ. “ಎಷ್ಟ? ಯಾವಾಗ?” ಅಂದ. ಆ ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಮ್ಮ ಕನ್ನಡ ಸಂಘಕ್ಕೆ ಬರೋ ಜೂನಿಯರ್‌ಗಳು ಇದೇ ಪ್ರಶ್ನೆ ಕೇಳ್ತಾರೆ. ಓದ್ತಾ ಇರುವಾಗಲೇ ಬರೆದು ಸ್ವಲ್ಪ ದುಡಿಬಹುದಾ? ಮುಂದೆ ಮನೆ, ಸಂಸಾರ ಅಂತಾದ ಮೇಲೂ ಇದನ್ನ ಮುಂದುವರಿಸಬಹುದಾ? ಎರಡು ವರ್ಷದಲ್ಲಿ ಎಡವಿ ಕಲಿತದ್ದನ್ನು ಇಲ್ಲಿ ಹೇಳ್ತೀನಿ. ಮೊದಲೇ ಒಂದು ಮಾತು: ಈ ಕೆಲಸಕ್ಕೆ ಕರಾರು ಎರಡು ಬೇಕು. ಬರೆಸಿಕೊಳ್ಳುವವರ ಜೊತೆ ಒಂದು, ಮನೆಯವರ ಜೊತೆ ಇನ್ನೊಂದು. ಒಂದು ತಪ್ಪಿದರೂ ಬೆಲೆ ಕಟ್ಟೋದು ಮನೆಯವರೇ.

ನಮ್ಮ ಜಿಲ್ಲೆಯ ಹಳೇ ಫ್ರೀಲಾನ್ಸರ್

ಫ್ರೀಲಾನ್ಸ್ ಅಂದ್ರೆ ಒಬ್ಬರ ಹತ್ತಿರ ಸಂಬಳಕ್ಕೆ ಇರದೆ, ಕೆಲಸಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಹಲವರಿಗೆ ಬರೆಯೋದು. ಇದು ಲ್ಯಾಪ್‌ಟಾಪ್ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲೇ ಒಬ್ಬರಿದ್ದರು, ಗಳಗನಾಥರು. ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ. ವರದಾ ನದಿ ತುಂಗಭದ್ರೆಯನ್ನು ಸೇರುವ ಕಡೆ ಇರೋ ಗಳಗನಾಥ ಅವರ ಊರು. ಶಾಲೆಯ ಮಾಸ್ತರಿಕೆ ಮಾಡ್ತಾ ಬರೆಯೋಕೆ ಶುರು ಮಾಡಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಮಾಧವ ಕರುಣಾವಿಲಾಸ’ದಂಥ ಸ್ವಂತ ಕಾದಂಬರಿ ಬರೆದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು. ಪುಸ್ತಕ ಮಾರುವವರಿಲ್ಲದ ಕಾಲದಲ್ಲಿ ತಾವೇ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1942ರಲ್ಲಿ ತೀರಿಕೊಂಡರು. ಕನ್ನಡಕ್ಕೆ ಕಾದಂಬರಿ ಓದುವವರನ್ನು ತಯಾರು ಮಾಡಿದವರು ಅಂತ ಅವರನ್ನು ಈಗಲೂ ನೆನೀತಾರೆ.

ಇದರಲ್ಲಿ ನಮಗೆ ಬೇಕಾದ ಪಾಠ ಮೂರಿವೆ. ಅನುವಾದ ಮಾಡಿ ಕೈ ಪಳಗಿಸಿಕೊಂಡರು. ಒಂದೇ ಆದಾಯ ನಂಬಿ ಕೂರಲಿಲ್ಲ. ಬರೆದದ್ದನ್ನು ಮಾರೋದೂ ತಮ್ಮದೇ ಕೆಲಸ ಅಂತ ತಿಳಿದರು. ನಾವು ಗಂಟು ಹೊರಬೇಕಿಲ್ಲ, ಈಮೇಲ್ ಕಳಿಸಿದರೆ ಸಾಕು. ಆದರೂ ಅದಕ್ಕೇ ನಾಚಿಕೆ ಪಡ್ತೀವಿ.

ಮೊದಲ ಲೇಖನ ಎಲ್ಲಿಂದ ಹುಟ್ಟುತ್ತೆ?

ನಾನು ಮೊದಲು ಬರೆದು ಕಳಿಸಿದ್ದು ಕೃತಕ ಬುದ್ಧಿಮತ್ತೆಯ ಬಗ್ಗೆ. ನೆಟ್‌ನಲ್ಲಿದ್ದದ್ದನ್ನೇ ಕನ್ನಡದಲ್ಲಿ ಹೇಳಿದ್ದೆ. ಮೂರು ಕಡೆ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ. ಅಂಥ ಲೇಖನ ಬೇಕಾದರೆ ಇವತ್ತು ಯಂತ್ರವೇ ಬರೆದು ಕೊಡುತ್ತೆ, ನಾವ್ಯಾಕೆ ಬೇಕು?

ಆಮೇಲೆ ಬರೆದದ್ದು ನಮ್ಮ ಹೊಲದ ಪಂಪ್‌ಸೆಟ್ ಬಗ್ಗೆ. ಮೂರು ಫೇಸ್ ಮೋಟರಿಗೆ ಒಂದು ಫೇಸ್ ಕಟ್ ಆದರೆ ಉಳಿದ ಎರಡು ಲೈನ್‌ನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತೆ. ವೈಂಡಿಂಗ್‌ನ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರೋದರಿಂದ ಅದು ಮೂರು ಪಟ್ಟಿನ ಹತ್ತಿರ ಹೋಗುತ್ತೆ, ಮೋಟರ್ ಸುಡುತ್ತೆ. ನಮಗೆಲ್ಲ ಇದು ಮಷಿನ್ಸ್ ಲ್ಯಾಬ್‌ನ ವೈವಾ ಪ್ರಶ್ನೆ. ನಮ್ಮಪ್ಪನಿಗೆ ಇದು ರಾತ್ರಿ ಪಾಳಿ ಕರೆಂಟಿಗೆ ಹೊಲಕ್ಕೆ ಹೋದಾಗಿನ ಭಯ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. “ಎರಡ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಮೋಟರ್ ಹೊಡೀತಾರಲ್ಲ, ಅದನ್ನ ಬರದಿಲ್ಲ ನೀ. ಮಂದಿ ಮೋಟರ್ ಸುಟ್ಟಕೊಳ್ಳೋದು ಅಲ್ಲೇ” ಅಂದ. ಅದನ್ನು ಸೇರಿಸಿ, ಹಾಗೆ ಓಡಿಸಿದರೆ ಏನಾಗುತ್ತೆ, ಫೇಸ್ ತಪ್ಪಿದರೆ ಮೋಟರ್ ನಿಲ್ಲಿಸೋ ಪ್ರಿವೆಂಟರ್ ಯಾಕೆ ಬೇಕು ಅಂತ ವಿವರಿಸಿದೆ. ಒಂದೇ ಸಲಕ್ಕೆ ಆಯ್ಕೆ ಆಯ್ತು.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ದೇ ಇರುತ್ತೆ. ಅಮ್ಮನ ಹೊಲಿಗೆ ಮಷಿನ್, ಮಾವನ ಟ್ರ್ಯಾಕ್ಟರ್, ಅಕ್ಕನ ಸ್ವಸಹಾಯ ಸಂಘದ ಲೆಕ್ಕ. ಮನೆಯ ಅನುಭವ ಮತ್ತು ಕ್ಲಾಸಿನ ಪಾಠ ಎರಡೂ ಕೂಡುವ ಜಾಗದಲ್ಲಿ ಬರೆಯೋರು ಕಮ್ಮಿ. ಮನೆಯವರು ನಮ್ಮ ಬರಹಕ್ಕೆ ಅಡ್ಡಿ ಅಲ್ಲ. ಅವರೇ ಮೊದಲ ಮೂಲ, ಅವರೇ ಮೊದಲ ಓದುಗರು.

ಎಲ್ಲಿಗೆ ಕಳಿಸೋದು, ಹೇಗೆ ಕಳಿಸೋದು

ಕೆಲಸ ಸಿಗೋ ಕಡೆ ಮುಖ್ಯವಾಗಿ ಮೂರು. ಒಂದು, ದಿನಪತ್ರಿಕೆಗಳ ಪುರವಣಿ ಮತ್ತು ‘ಸುಧಾ’, ‘ಮಯೂರ’, ‘ತರಂಗ’, ಹುಬ್ಬಳ್ಳಿಯ ‘ಕಸ್ತೂರಿ’ಯಂಥ ನಿಯತಕಾಲಿಕೆಗಳು. ಸಂಭಾವನೆಗಿಂತ ಇಲ್ಲಿ ಸಿಗೋ ಹೆಸರು ದೊಡ್ಡದು. ಎರಡು, ಅನುವಾದ: ಆ್ಯಪ್‌ನ ಪಠ್ಯ, ಬಳಕೆದಾರರ ಕೈಪಿಡಿ, ಪಾಠದ ವಿಡಿಯೋಗಳ ಸಬ್‌ಟೈಟಲ್. ಎಐಸಿಟಿಇ ಎಂಜಿನಿಯರಿಂಗ್ ಪುಸ್ತಕಗಳನ್ನೇ ಕನ್ನಡಕ್ಕೆ ತರ್ತಾ ಇದೆ, ಅಂದ್ರೆ ಎರಡೂ ಗೊತ್ತಿರೋರು ಬೇಕು. ಮೂರು, ಕಂಪನಿಗಳಿಗೆ ತಾಂತ್ರಿಕ ಬರವಣಿಗೆ. ಇದು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತೆ. ನಿಯಮಿತವಾಗಿ ದುಡ್ಡು ಕೈಗೆ ಬರೋದು ಬಹುತೇಕ ಎರಡು, ಮೂರನೇದರಿಂದ. ಮೊದಲನೆಯದನ್ನು ಹೆಸರಿಗಾಗಿ, ಖುಷಿಗಾಗಿ ಬಿಡಬೇಡಿ.

ಕಳಿಸೋ ಮುಂಚೆ ನಾಲ್ಕು ವಿಷಯ ನೋಡ್ಕೊಳ್ಳಿ:

1. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ನುಡಿ ಫಾಂಟಿನ ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು. ಸಂಪಾದಕರು ಅದನ್ನು ಸರಿ ಮಾಡ್ತಾ ಕೂರಲ್ಲ.
2. ಒಂದೇ ಲೇಖನವನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬೇಡಿ. ಒಂದು ಕಡೆಯಿಂದ ಉತ್ತರ ಬರದಿದ್ದರೆ, ವಾಪಸ್ ತಗೋತಾ ಇದ್ದೀನಿ ಅಂತ ತಿಳಿಸಿ ಇನ್ನೊಂದು ಕಡೆ ಕಳಿಸಿ.
3. ದೀಪಾವಳಿ, ಯುಗಾದಿ ವಿಶೇಷಾಂಕದ ಕೆಲಸ ತಿಂಗಳುಗಟ್ಟಲೆ ಮುಂಚೆ ನಡೆಯುತ್ತೆ. ಹಬ್ಬದ ವಾರ ಕಳಿಸಿದರೆ ಉಪಯೋಗ ಇಲ್ಲ.
4. ಈಮೇಲ್‌ನಲ್ಲಿ ಮೂರೇ ಸಾಲು ಸಾಕು: ಲೇಖನ ಏನು, ಓದುಗರಿಗೆ ಇದು ಈಗ ಯಾಕೆ ಬೇಕು, ಇದನ್ನು ಬರೆಯೋಕೆ ನನಗೇನು ಗೊತ್ತು.

ದರದ ಲೆಕ್ಕ

‘ಪದಕ್ಕೆ ಇಷ್ಟು’ ಅಂತ ಹೇಳಿದ ಕೂಡಲೇ ನಾವು ಗುಣಿಸಿ ಖುಷಿ ಪಡ್ತೀವಿ. ಎಂಜಿನಿಯರ್ ಆದವರು ಭಾಗಿಸಲೂ ಬೇಕು. ಉದಾಹರಣೆಗೆ ಪದಕ್ಕೆ 1 ರೂಪಾಯಿಯಂತೆ 1,200 ಪದದ ಅನುವಾದ ಅಂದುಕೊಳ್ಳಿ. ಓದೋಕೆ 2 ಗಂಟೆ, ಬರೆಯೋಕೆ 4, ತಿದ್ದೋಕೆ 2, ಒಟ್ಟು 8 ಗಂಟೆ. ಗಂಟೆಗೆ 150 ರೂಪಾಯಿ ಬಿತ್ತು. ಅವರು ಇನ್ನೂ ಮೂರು ಸಲ ತಿದ್ದಿಸಿ, ಪ್ರತಿ ಸಲಕ್ಕೂ 2 ಗಂಟೆ ಹೋದರೆ ಒಟ್ಟು 14 ಗಂಟೆ. ಗಂಟೆಗೆ 86 ರೂಪಾಯಿಯೂ ಇಲ್ಲ. ದರ ಬದಲಾಗಲಿಲ್ಲ, ನಿಮ್ಮ ಗಂಟೆಯ ಬೆಲೆ ಮಾತ್ರ ಇಳೀತು. ಅದಕ್ಕೇ ‘ತಿದ್ದುಪಡಿ ಎರಡು ಸಲ ಮಾತ್ರ’ ಅನ್ನೋ ಸಾಲು ದರದಷ್ಟೇ ಮುಖ್ಯ. ಮೊದಲ ಹತ್ತು ಕೆಲಸಕ್ಕೆ ಎಷ್ಟೆಷ್ಟು ಗಂಟೆ ಹಿಡೀತು ಅಂತ ಬರೆದಿಡಿ. ಹನ್ನೊಂದನೇ ಕೆಲಸಕ್ಕೆ ದರ ಹೇಳುವಾಗ ಧೈರ್ಯ ತಾನಾಗೇ ಬರುತ್ತೆ.

ಮೊದಲ ಕರಾರು: ಕಾಗದದ ಮೇಲೆ

ಇದನ್ನು ನಾನು ಕಲಿತದ್ದು ಮೋಸ ಹೋಗಿ. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬರಿಗೆ ಆರು ಲೇಖನ ಬರೆದುಕೊಟ್ಟೆ. ಮಾತೆಲ್ಲ ಫೋನಿನಲ್ಲೇ. ತಿಂಗಳ ಕೊನೆಗೆ ದುಡ್ಡು ಬರುತ್ತೆ ಅಂತ ನಂಬಿ, ಈ ಸಲ ಪರೀಕ್ಷೆ ಫೀ ನಾನೇ ಕಟ್ತೀನಿ ಅಂತ ಮನೆಯಲ್ಲಿ ಹೇಳಿದ್ದೆ. ಲೇಖನಗಳು ಬೇರೆ ಯಾರದೋ ಹೆಸರಲ್ಲಿ ಪ್ರಕಟವಾದವು, ದುಡ್ಡು ಬರಲಿಲ್ಲ, ಫೋನೂ ಎತ್ತಲಿಲ್ಲ. ಫೀ ಕಟ್ಟೋ ಹಿಂದಿನ ದಿನ ಅಪ್ಪ ಕಾಕಾನ ಹತ್ತಿರ ಕೈಗಡ ತಂದ. ನನಗೆ ಒಂದು ಮಾತೂ ಅನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಕೆಲಸ ಒಪ್ಪಿದ ಕೂಡಲೇ ಇಂಥ ಒಂದು ಈಮೇಲ್ ಕಳಿಸ್ತೀನಿ: “ನಾವು ಮಾತಾಡಿದಂತೆ 1,200 ಪದದ ಲೇಖನವನ್ನು 20ನೇ ತಾರೀಕಿಗೆ ಕೊಡುತ್ತೇನೆ. ಸಂಭಾವನೆ ಇಷ್ಟು, ತಲುಪಿದ 30 ದಿನದೊಳಗೆ. ತಿದ್ದುಪಡಿ ಎರಡು ಸಲ. ಲೇಖನ ನನ್ನ ಹೆಸರಿನಲ್ಲಿ ಪ್ರಕಟವಾಗುತ್ತದೆ. ಒಪ್ಪಿಗೆ ಇದ್ದರೆ ಉತ್ತರಿಸಿ.” ಒಪ್ಪಿಗೆ ಅಂತ ಉತ್ತರ ಬರೋವರೆಗೆ ಒಂದಕ್ಷರ ಬರೆಯಲ್ಲ. ಹೊಸಬರಾದರೆ ಅರ್ಧ ದುಡ್ಡು ಮುಂಗಡ ಕೇಳ್ತೀನಿ. ಕೊಡಲ್ಲ ಅಂದವರನ್ನು ಬಿಟ್ಟದ್ದಕ್ಕೆ ಇವತ್ತಿನವರೆಗೂ ಪಶ್ಚಾತ್ತಾಪ ಆಗಿಲ್ಲ.

ಕಾನೂನೂ ಸ್ವಲ್ಪ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಬರೆಯದ ಲೇಖನದ ಮೊದಲ ಹಕ್ಕುದಾರ ಸಾಮಾನ್ಯವಾಗಿ ಬರೆದವರೇ. ಆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡೋದಾದರೆ ಅದು ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಗಾಗಿ ‘ಎಲ್ಲಾ ಹಕ್ಕು, ಎಂದೆಂದಿಗೂ’ ಅಂತ ಇರೋ ಫಾರ್ಮಿಗೆ ಓದದೇ ಸಹಿ ಹಾಕಬೇಡಿ.

ಪ್ಯಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಒಂದೇ ಕಂಪನಿಯಿಂದ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ವೃತ್ತಿ ಶುಲ್ಕ ಬಂದರೆ ಸಾಮಾನ್ಯವಾಗಿ 10% ಟಿಡಿಎಸ್ ಹಿಡೀತಾರೆ, ಪ್ಯಾನ್ ಇಲ್ಲದಿದ್ದರೆ 20%. ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೀಬಹುದು. ಜಿಎಸ್‌ಟಿ ಬಗ್ಗೆ ಈಗಲೇ ಹೆದರಬೇಡಿ, ನಮ್ಮಲ್ಲಿ ಸೇವೆ ಕೊಡುವವರಿಗೆ ಆ ಮಿತಿ ವರ್ಷಕ್ಕೆ 20 ಲಕ್ಷ.

ಎರಡನೇ ಕರಾರು: ಮನೆಯವರ ಜೊತೆ

ಹೊರಗಿನ ಲೆಕ್ಕ ಸರಿ ಆದ ಮೇಲೆ ಇನ್ನೊಂದು ತೊಂದರೆ ಶುರುವಾಯ್ತು. ಮನೆಯಲ್ಲಿದ್ದೂ ನಾನು ಮನೆಯಲ್ಲಿ ಇರ್ತಿರಲಿಲ್ಲ. ಅವ್ವ ಊಟಕ್ಕೆ ಕರೆದರೆ “ಎರಡ ನಿಮಿಷ” ಅಂತಿದ್ದೆ, ರೊಟ್ಟಿ ತಣ್ಣಗಾಗ್ತಿತ್ತು. ನಮ್ಮೂರ ದರ್ಗಾದ ಉರುಸಿಗೆ ಮನೆ ತುಂಬ ಬೀಗರು ಬಂದಾಗ ನಾನು ಅಟ್ಟದ ಮೇಲೆ ಯಾವುದೋ ವಾಟರ್ ಪ್ಯೂರಿಫೈಯರ್ ಬಗ್ಗೆ ಬರೀತಾ ಕೂತಿದ್ದೆ. ಕೆಳಗಿಳಿದು ಬರೋ ಹೊತ್ತಿಗೆ ಆಯಿ ಹೇಳೋ ಶರೀಫಜ್ಜನ ಕತೆ ಮುಗಿದಿತ್ತು. ಮಕ್ಕಳಿಲ್ಲದ ಶರೀಫರ ತಂದೆತಾಯಿ ಹುಲಗೂರಿನ ಹಜರೇಶಾ ಖಾದ್ರಿಯವರಿಗೆ ಹರಕೆ ಹೊತ್ತ ಮೇಲೆ ಮಗ ಹುಟ್ಟಿದ ಅನ್ನೋ ಕತೆ ಅದು. ಶಿಶುನಾಳ ನಮ್ಮ ತಾಲೂಕಿನದೇ ಊರು. ಬರೆಯೋನು ನಾನು, ಬರೆಯಬೇಕಾದ ಕತೆಯೇ ನನ್ನ ಕಿವಿಗೆ ಬೀಳಲಿಲ್ಲ.

ತಪ್ಪು ನನ್ನದೊಬ್ಬನದೇ ಅಲ್ಲ. ಲ್ಯಾಪ್‌ಟಾಪ್ ಮುಂದೆ ಕೂತವರು ಖಾಲಿ ಇದ್ದಾರೆ ಅಂತಲೇ ಮನೆಯವರಿಗೆ ಅನಿಸುತ್ತೆ. “ಹೆಂಗೂ ಕುಂತೀಯಲ್ಲ, ಗಿರಣಿಗೆ ಹೋಗಿ ಬಾ” ಅಂತಾರೆ. ಅದಕ್ಕೆ ಎಲ್ಲರೂ ಕೂತು ಮಾತಾಡಿದೆವು. ಬೆಳಗ್ಗೆ 5ರಿಂದ 8 ನನ್ನ ಹೊತ್ತು. ಆಗ ಅವ್ವ ರೊಟ್ಟಿ ಬಡೀತಿರ್ತಾಳೆ, ಯಾರೂ ನನ್ನ ಕರೆಯಲ್ಲ. ಗಿರಣಿ, ಕಿರಾಣಿ ಎಲ್ಲ 8ರ ನಂತರ. ಸಂಜೆ ದೀಪ ಹಚ್ಚಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಬೇಕು, ಅದು ನಾನು ಕೊಟ್ಟ ಮಾತು. ಬಿತ್ತನೆ, ಸುಗ್ಗಿ, ಪರೀಕ್ಷೆ ಇರೋ ವಾರಗಳಲ್ಲಿ ಹೊಸ ಕೆಲಸ ಒಪ್ಪಲ್ಲ. ಕರೆಂಟ್ ಹೋಗೋದನ್ನೂ ಲೆಕ್ಕ ಹಾಕಿ ಎರಡು ದಿನ ಹೆಚ್ಚೇ ಕೇಳ್ತೀನಿ. ಬಂದ ದುಡ್ಡನ್ನು ಮನೆಯಲ್ಲಿ ಎಲ್ಲರಿಗೂ ಹೇಳ್ತೀನಿ, ಆದರೆ ಖಾತೆಗೆ ಬಂದ ಮೇಲೆ ಮಾತ್ರ. ‘ಬರುತ್ತೆ’ ಅನ್ನೋ ದುಡ್ಡನ್ನು ಲೆಕ್ಕಕ್ಕೆ ಹಿಡಿಯಲ್ಲ.

ಸಂಸಾರ ಅಂತಾದ ಮೇಲೆ ಬರೆಯೋಕಾಗಲ್ಲ ಅನ್ನೋರಿಗೆ ಎಂ. ಕೆ. ಇಂದಿರಾ ಅವರ ಉದಾಹರಣೆ ಕೊಡ್ತೀನಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಹೆಚ್ಚು ಶಾಲೆ ಕಲಿಯಲಿಲ್ಲ, ಚಿಕ್ಕ ವಯಸ್ಸಿಗೇ ಮದುವೆ ಆಯ್ತು. ‘ತುಂಗಭದ್ರ’ ಕಾದಂಬರಿ ಬಂದದ್ದು 1963ರಲ್ಲಿ, ಅಂದ್ರೆ ಅವರಿಗೆ 46ರ ಹತ್ತಿರ. ‘ಫಣಿಯಮ್ಮ’ ಬಂದದ್ದು 1976ರಲ್ಲಿ, ಅದು ಅವರ ಕುಟುಂಬದವರೇ ಆದ ಹಿರಿಯ ಹೆಂಗಸಿನ ಬದುಕಿನ ಮೇಲೆ ಬರೆದದ್ದು. ಮನೆಯ ಮಾತು ಕೇಳಿಸಿಕೊಂಡು ಉಳಿದ ಕತೆ. ನಮಗೆ ಇಪ್ಪತ್ತು ಇಪ್ಪತ್ತೊಂದು ವಯಸ್ಸು, ಅವಸರ ಏನಿಲ್ಲ.

ಹಾಗಾದರೆ ನೌಕರಿ ಬಿಡಬೇಕಾ?

ಬೇಡ. ಪ್ಲೇಸ್‌ಮೆಂಟ್‌ಗೆ ಕೂತ್ಕೊಳ್ಳಿ. ಬರವಣಿಗೆಯ ಆದಾಯ ಒಂದು ತಿಂಗಳು ಇರುತ್ತೆ, ಇನ್ನೊಂದು ತಿಂಗಳು ಇರಲ್ಲ. ಆರು ತಿಂಗಳ ಮನೆ ಖರ್ಚು ಕೈಯಲ್ಲಿ ಉಳಿದು, ಎರಡು ಮೂರು ಕಡೆಯಿಂದ ಕೆಲಸ ನಿಯಮಿತವಾಗಿ ಬರೋವರೆಗೆ ಇದು ಪಕ್ಕದ ಕೆಲಸವಾಗೇ ಇರಲಿ. ಗಳಗನಾಥರೂ ಮಾಸ್ತರಿಕೆ ಮಾಡ್ತಲೇ ಶುರು ಮಾಡಿದ್ದು.

ಈ ವಾರ ಮನೆಗೆ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿ: “ದಿನಾ ಮಾಡೋ ಕೆಲಸದಾಗ ನಿಮಗ ಭಾಳ ತ್ರಾಸ ಕೊಡೋದು ಯಾವುದು?” ಬಂದ ಉತ್ತರದ ಮೇಲೆ 600 ಪದ ಬರೆದು ನಮ್ಮ ಸಂಘಕ್ಕೆ ತನ್ನಿ. ಕೂತು ತಿದ್ದೋಣ. ನಮ್ಮ ಈ ಪತ್ರಿಕೆ ಸಂಭಾವನೆ ಕೊಡಲ್ಲ, ಕ್ಯಾಂಟೀನ್ ಚಹಾ ಮಾತ್ರ ಗ್ಯಾರಂಟಿ.

ಅಪ್ಪನ ಪ್ರಶ್ನೆಗೆ ಈಗ ಉತ್ತರ ಇದೆ. ಮೊನ್ನೆ ಹೊಸ ಕೆಲಸ ಒಪ್ಪಿದಾಗ ಎಷ್ಟು, ಯಾವಾಗ ಅಂತ ಹೇಳಿ ಈಮೇಲ್ ತೋರಿಸಿದೆ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ. “ಅರ್ಧ ಮೊದಲ ಕೊಡ್ತಾರಂತಲ್ಲ, ಹಂಗಾದ್ರ ಬರಿ” ಅಂದ.