ಮನೆಯ ಕಾರಿಗೆ ಓಟದ ಹುಮ್ಮಸ್ಸು: ಎಲ್ಲಿ ಹಣ ಹಾಕಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು?

ಕಳೆದ ಶ್ರಾವಣ ಮಾಸದ ಒಂದು ಭಾನುವಾರ ನನ್ನ ತಂಗಿಯ ಮಗನು ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಮುಂದೆ ಕೆಂಪು ಬಣ್ಣದ ಕಾರೊಂದನ್ನು ತಂದು ನಿಲ್ಲಿಸಿದನು. ಅದು 2014ರಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಎರಡನೆಯ ಒಡೆತನದ್ದು, ಸುಮಾರು 80,000 ಕಿಲೋಮೀಟರ್ ಓಡಿದ್ದು. ತಂಗಿ ಬಾನೆಟ್ಟಿಗೆ ವಿಭೂತಿ ಹಚ್ಚಿ, ಚಕ್ರಕ್ಕೆ ಹೂವಿಟ್ಟು, ಮಗನ ಸಂತೋಷವನ್ನು ಕಂಡು ತಾನೂ ಸಂತೋಷಪಡುತ್ತಿದ್ದಳು. ಕಾಫಿ ಮುಗಿದ ಮೇಲೆ ಅವನು ಜೇಬಿನಿಂದ ಒಂದು ಚೀಟಿಯನ್ನು ತೆಗೆದು ನನ್ನ ಮುಂದಿಟ್ಟನು. ಅಂಗಡಿಯೊಂದರವರು ಬರೆದುಕೊಟ್ಟ ಪಟ್ಟಿ ಅದು. ವಿಶೇಷ ಗಾಳಿ ಶೋಧಕ, ದೊಡ್ಡ ಸೈಲೆನ್ಸರ್, 17 ಅಂಗುಲದ ಚಕ್ರಗಳು, ಕಾರನ್ನು ತಗ್ಗಿಸುವ ಸ್ಪ್ರಿಂಗುಗಳು, ಇಂಜಿನ್ನಿನ ಗಣಕಕ್ಕೆ ಹೊಸ ತಂತ್ರಾಂಶ. ಕೊನೆಯಲ್ಲಿ ಮೊತ್ತ ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿ.

ಅವನ ಕೈಯಲ್ಲಿದ್ದುದು ಅರವತ್ತು ಸಾವಿರ. ಉಳಿದುದಕ್ಕೆ ತಾಯಿಯು ತನ್ನ ಚೀಟಿ ಹಣವನ್ನು ಕೊಡಲು ಒಪ್ಪಿದ್ದಳು. ಆ ಹಣವು ಮಗಳ ಕಾಲೇಜಿಗೆಂದು ಕೂಡಿಟ್ಟದ್ದೆಂಬುದು ನನಗೆ ತಿಳಿದಿತ್ತು. "ಮಾವ, ನೀವು ಯಂತ್ರ ಬಲ್ಲವರು, ಅಪ್ಪನನ್ನು ಒಪ್ಪಿಸಿಕೊಡಿ" ಎಂದನು. ಒಪ್ಪಿಸುವುದಕ್ಕೆ ಮುನ್ನ ಚೀಟಿಯನ್ನು ಒಂದೊಂದೇ ಸಾಲಾಗಿ ಓದೋಣವೆಂದು ಹೇಳಿ ಆ ಮಧ್ಯಾಹ್ನವನ್ನೆಲ್ಲ ಅದಕ್ಕೇ ಕಳೆದೆವು. ಇಂದು ಅನೇಕ ಮನೆಗಳಲ್ಲಿ ದುಡಿಯುವ ಮಕ್ಕಳು ಸ್ವಿಫ್ಟೋ, ಪೋಲೋವೋ, ಐ20 ಎನ್ ಲೈನೋ ಕೊಂಡು ಇಂತಹ ಚೀಟಿಗಳನ್ನು ತರುತ್ತಿರುವುದರಿಂದ, ನಮ್ಮಲ್ಲಿ ನಡೆದ ವಿಚಾರವು ಇತರರಿಗೂ ಉಪಯುಕ್ತವಾದೀತೆಂದು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಯಂತ್ರದಿಂದ ಹೆಚ್ಚು ಶಕ್ತಿ ಹೊರಡಿಸಬೇಕೆಂಬ ಹಂಬಲ ಇಂದಿನ ಹುಡುಗರದು ಮಾತ್ರವಲ್ಲ. ಮಾಗಡಿ ರಸ್ತೆಯ ಈ ಬದಿಯಲ್ಲಿ ಲೇತ್ ಯಂತ್ರಗಳ ಸದ್ದಿನ ನಡುವೆಯೇ ಬೆಳೆದ ನಮ್ಮ ಪೀಳಿಗೆಗೂ ಆ ಹುಚ್ಚು ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳ ಸಿಲಿಂಡರುಗಳನ್ನು ತಂದು ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಮೇಲಕ್ಕೆ ಏರಿಸುತ್ತಿದ್ದರು. ಬೈಕು ಮೇಲಿನ ವೇಗದಲ್ಲಿ ಹುರುಪಿನಿಂದ ಓಡುತ್ತಿತ್ತು. ಆದರೆ ಕೆಳಗಿನ ವೇಗದ ಎಳೆತ ಸತ್ತುಹೋಗಿ ಸಿಗ್ನಲ್ಲಿನಲ್ಲಿ ಕ್ಲಚ್ ಸುಡುತ್ತ ಹೊರಡಬೇಕಾಗುತ್ತಿತ್ತು. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ತೆರಬೇಕೆಂಬುದನ್ನು ನಾನು ಕಲಿತದ್ದು ಅಲ್ಲಿಯೇ. ಪ್ರೀಮಿಯರ್ ಪದ್ಮಿನಿ ಕಾರುಗಳ ಸಿಲಿಂಡರ್ ಹೆಡ್ಡನ್ನು ಮಿಲ್ಲಿಂಗ್ ಯಂತ್ರದಲ್ಲಿ ತುಸು ಸವರಿ ಒತ್ತಡ ಹೆಚ್ಚಿಸುವುದೂ ರೂಢಿಯಲ್ಲಿತ್ತು. ಆಗಿನ 87 ಆಕ್ಟೇನ್ ಪೆಟ್ರೋಲಿಗೆ ಆ ಒತ್ತಡವು ಹೆಚ್ಚಾಗಿ ಇಂಜಿನ್ನು ಟಕಟಕನೆ ಬಡಿದುಕೊಳ್ಳುತ್ತಿತ್ತು. ನನ್ನ ಪದ್ಮಿನಿಗೂ ನಾನು ಹಾಗೆಯೇ ಮಾಡಿದ್ದೆ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಚೀಟಿಯ ಮೊದಲನೆಯ ಸಾಲು ಗಾಳಿ ಶೋಧಕ. ಕಾರ್ಖಾನೆಯಿಂದ ಬಂದ ಕಾಗದದ ಶೋಧಕವು ಶುಭ್ರವಾಗಿದ್ದರೆ ಸಾಮಾನ್ಯ ಇಂಜಿನ್ನಿಗೆ ಬೇಕಾದ ಗಾಳಿಗಿಂತ ಹೆಚ್ಚನ್ನೇ ಬಿಡುತ್ತದೆ. ಆದುದರಿಂದ ಹೊಸದರಿಂದ ಕಿವಿಗೆ ಸಿಗುವ ಸದ್ದೇ ಹೆಚ್ಚು, ಚಕ್ರಕ್ಕೆ ಸಿಗುವ ಶಕ್ತಿ ಅತ್ಯಲ್ಪ. ಎಣ್ಣೆ ಸವರಿದ ಬಟ್ಟೆಯ ಶೋಧಕಗಳಿಗೆ ಎಣ್ಣೆ ಹೆಚ್ಚಾದರೆ ಕೆಲವು ಕಾರುಗಳಲ್ಲಿ ಗಾಳಿಯನ್ನು ಅಳೆಯುವ ಸಂವೇದಕವೇ ಕೆಡುವುದುಂಟು. ಮಾಗಡಿ ರಸ್ತೆಯ ಧೂಳಿನಲ್ಲಿ ಕಾಗದದ ಶೋಧಕವನ್ನು ಕಾಲಕಾಲಕ್ಕೆ ಬದಲಿಸುವುದೇ ಲೇಸು. ಆ ಸಾಲನ್ನು ಹೊಡೆದೆವು.

ಬೆಂಗಳೂರಿನವರು ಗಮನಿಸಬೇಕಾದ ಸಂಗತಿಯೊಂದಿದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ ಇರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಕಡಿಮೆ. ಟರ್ಬೋ ಇಲ್ಲದ ಇಂಜಿನ್ನು ಮಂಗಳೂರಿನಲ್ಲಿ ಕೊಡುವ ಶಕ್ತಿಗಿಂತ ಇಲ್ಲಿ ಶೇಕಡಾ 8ರಿಂದ 10ರಷ್ಟು ಕಡಿಮೆ ಕೊಡುತ್ತದೆ. ಹಳೆಯ 1.3 ಲೀಟರಿನ ಸ್ವಿಫ್ಟ್ ಕಾರಿನಂತಹವುಗಳಿಗೆ ಸಾವಿರಾರು ರೂಪಾಯಿ ವೆಚ್ಚಮಾಡಿ ಗಣಕ ತಿದ್ದಿಸಿದರೂ ಸಾಧಾರಣವಾಗಿ ದೊರೆಯುವ ಲಾಭ ಇದಕ್ಕಿಂತ ಹೆಚ್ಚೇನಲ್ಲ. ಅಂದರೆ ಊರು ಕಿತ್ತುಕೊಂಡದ್ದನ್ನು ಹಣ ಕೊಟ್ಟು ಹಿಂದಕ್ಕೆ ಪಡೆದಂತೆ! ಟರ್ಬೋ ಇಂಜಿನ್ನು ಗಾಳಿಯನ್ನು ತಾನೇ ಒತ್ತಿ ತುಂಬಿಕೊಳ್ಳುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನಮ್ಮ ಹುಡುಗನ ಕಾರಿನದು 1.2 ಲೀಟರಿನ ಟರ್ಬೋ ಇಂಜಿನ್ನು. 105 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ದಿನನಿತ್ಯದ ಓಡಾಟಕ್ಕೆ ಇದೇನೂ ಕಡಿಮೆಯಲ್ಲ.

ಹತ್ತು ವರ್ಷ ದಾಟಿದ ಕಾರಿಗೆ ಹೊಸ ಶಕ್ತಿ ಸೇರಿಸುವ ಮೊದಲು ಸೋರಿಹೋದ ಹಳೆಯ ಶಕ್ತಿಯನ್ನು ಮರಳಿ ಪಡೆಯಬೇಕು. ಸ್ಪಾರ್ಕ್ ಪ್ಲಗ್ಗುಗಳು, ಗುಣಮಟ್ಟದ ಇಂಜಿನ್ ಎಣ್ಣೆ, ಚಕ್ರಗಳ ಅಲೈನ್‌ಮೆಂಟ್, ಸರಿಯಾದ ಗಾಳಿ, ಇಷ್ಟರಿಂದಲೇ ಕಾರು ಹಗುರವಾದಂತೆ ಅನಿಸುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಸಿಂಪಡಿಸುವ ಇಂತಹ ಇಂಜಿನ್ನುಗಳಲ್ಲಿ ಗಾಳಿಯ ಕವಾಟಗಳನ್ನು ಪೆಟ್ರೋಲು ತೊಳೆಯುವುದಿಲ್ಲವಾದ್ದರಿಂದ ಅಲ್ಲಿ ಮಸಿ ಕಟ್ಟುತ್ತದೆ. ಅದನ್ನೂ ನೋಡಿಸಬೇಕು.

ಇನ್ನು ಚಕ್ರಗಳ ವಿಚಾರ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಕಾರು ಎಷ್ಟೇ ಶಕ್ತಿಶಾಲಿಯಾಗಿರಲಿ, ಅದು ನೆಲವನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತಾಣಗಳಲ್ಲಿ ಮಾತ್ರ. ಹೊರಡುವುದು, ತಿರುಗುವುದು, ನಿಲ್ಲುವುದು ಮೂರೂ ಅವುಗಳ ಮೂಲಕವೇ. ಹುಡುಗನ ಕಾರಿನ ಮೂಲ ಟೈರು 185/60 ಆರ್15. ಮೊದಲ ಸಂಖ್ಯೆ ಟೈರಿನ ಅಗಲ ಮಿಲಿಮೀಟರುಗಳಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾರ್ಶ್ವದ ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ ಅಂಗುಲಗಳಲ್ಲಿ. ಲೆಕ್ಕ ಹಾಕಿದರೆ ಪಾರ್ಶ್ವ 111 ಮಿಲಿಮೀಟರ್, ಇಡೀ ಚಕ್ರದ ವ್ಯಾಸ 603 ಮಿಲಿಮೀಟರ್. ಅಂಗಡಿಯವರು ಬರೆದಿದ್ದ 205/45 ಆರ್17ರಲ್ಲಿ ವ್ಯಾಸವು 616ಕ್ಕೆ ಏರುತ್ತದೆ. ಅಂದರೆ ಮೀಟರು ತೋರಿಸುವುದಕ್ಕಿಂತ ಕಾರು ಶೇಕಡಾ ಎರಡರಷ್ಟು ಹೆಚ್ಚು ವೇಗದಲ್ಲಿ ಓಡುತ್ತದೆ. ಅದು ಸಣ್ಣ ಮಾತು. ದೊಡ್ಡ ಮಾತೆಂದರೆ ಪಾರ್ಶ್ವದ ರಬ್ಬರು 92 ಮಿಲಿಮೀಟರಿಗೆ ಇಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಗುಂಡಿಯ ಪೆಟ್ಟನ್ನು ತಿನ್ನುವುದು ಆ ರಬ್ಬರೇ. 2019ರಲ್ಲಿ ಸುಮನಹಳ್ಳಿ ಮೇಲ್ಸೇತುವೆಯ ಮೇಲೆಯೇ ರಂಧ್ರ ಬಿದ್ದು ಸಂಚಾರ ನಿಲ್ಲಿಸಿದ್ದು ನಮ್ಮ ಬಡಾವಣೆಯವರಾರೂ ಮರೆತಿರಲಾರರು. ಅಂತಹ ಊರಿನಲ್ಲಿ ತೆಳುವಾದ ಟೈರು ಹಾಕಿದವನು ಮೊದಲು ರಿಮ್ಮನ್ನು, ಆಮೇಲೆ ಸೊಂಟವನ್ನು ಕಳೆದುಕೊಳ್ಳುತ್ತಾನೆ. ಮೇಲಾಗಿ ಭಾರವಾದ ದೊಡ್ಡ ಚಕ್ರವನ್ನು ತಿರುಗಿಸುವುದಕ್ಕೂ ನಿಲ್ಲಿಸುವುದಕ್ಕೂ ಹೆಚ್ಚು ಶ್ರಮ ಬೇಕಾಗಿ, ನೋಟ ಚೆಂದವಾದರೂ ಓಟ ಮಂದವಾಗುತ್ತದೆ.

ಆದಕಾರಣ ಮೂಲ ಅಳತೆಯನ್ನೇ ಉಳಿಸಿಕೊಂಡು, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಉತ್ತಮ ದರ್ಜೆಯ ರಬ್ಬರನ್ನು ಆರಿಸಿದೆವು. ಕೊಳ್ಳುವಾಗ ಟೈರಿನ ಪಾರ್ಶ್ವದಲ್ಲಿರುವ ನಾಲ್ಕು ಅಂಕಿಗಳನ್ನು ಓದಲು ಮರೆಯಬಾರದು. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಹಳೆಯ ದಾಸ್ತಾನಿನ ಮೇಲೆ ರಿಯಾಯಿತಿ ಹೆಚ್ಚು ಕೊಡುತ್ತಾರೆ. ಅದು ರಿಯಾಯಿತಿಯಲ್ಲ, ಗಟ್ಟಿಯಾದ ರಬ್ಬರಿನ ಬೆಲೆ. ಭಾರಾಂಕ 84 ಎಂದರೆ ಒಂದು ಟೈರು 500 ಕಿಲೋ ಹೊರಬಲ್ಲದು, 88 ಎಂದರೆ 560 ಕಿಲೋ. ಕಾರಿನ ಕೈಪಿಡಿ ಹೇಳಿದುದಕ್ಕಿಂತ ಕಡಿಮೆಯದನ್ನು ಎಂದೂ ಹಾಕಿಸಬಾರದು. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರ ಆ ಟೈರು ಮುಗಿದಂತೆ. ಹುಡುಗನು ಕೊಂಡ ಕಾರಿನ ಹಿಂದಿನ ಎರಡು ಟೈರುಗಳು ಆಗಲೇ ಆ ಗೆರೆಯನ್ನು ಮುಟ್ಟಿದ್ದವು. ಶಕ್ತಿ ಹೆಚ್ಚಿಸುವ ಪಟ್ಟಿಯನ್ನು ಬರೆದವರು ಅದನ್ನು ನೋಡಿಯೇ ಇರಲಿಲ್ಲ!

ಈಗ ನನ್ನ ಪದ್ಮಿನಿಯ ಕಥೆ. 1994ರಲ್ಲಿ ಹೆಡ್ಡು ಸವರಿದ ಆ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಿದ್ದೆ. ಹತ್ತುವಾಗ ಇಂಜಿನ್ನಿನ ಹುರುಪನ್ನು ಕಂಡು ಬೀಗಿದೆ. ಇಳಿಯುವಾಗ ಗೇರನ್ನು ಮೇಲೆಯೇ ಇಟ್ಟು ಬ್ರೇಕನ್ನೇ ನೆಚ್ಚಿ ಬಂದೆ. ಅರ್ಧ ದಾರಿಯಲ್ಲಿ ಕಾಲಡಿಯ ಪೆಡಲು ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ನೆಲಕ್ಕೇ ಹೋಯಿತು. ಕೈ ಬ್ರೇಕನ್ನೆಳೆದು, ಗೇರನ್ನು ಕೆಳಕ್ಕೆ ತಳ್ಳಿ, ಬೆಟ್ಟದ ಬದಿಯ ಮಣ್ಣಿಗೆ ಉಜ್ಜಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಅಂದು ಹಿಂದಿನ ಸೀಟಿನಲ್ಲಿ ಮಗಳು ಏನೂ ಅರಿಯದೆ ಕಡಲೆಕಾಯಿ ತಿನ್ನುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ತಪ್ಪು ನನ್ನದೇ. ಇಂಜಿನ್ನಿಗೆ ತಿಂಗಳುಗಟ್ಟಲೆ ದುಡಿದವನು ಬ್ರೇಕ್ ಎಣ್ಣೆಯನ್ನು ವರ್ಷಗಳಿಂದ ಬದಲಿಸಿರಲಿಲ್ಲ.

ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ನೀರು ಸೇರಿ ಹಳತಾದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಡಾಟ್ 3ರಲ್ಲಿ ಇವೇ ಅಂಕಿಗಳು 205 ಮತ್ತು 140. ಎಣ್ಣೆ ಕುದಿದಾಗ ಏಳುವ ಆವಿಯನ್ನು ಪೆಡಲು ಹಿಚುಕುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ವೇಗವು 80ರಿಂದ 100ಕ್ಕೆ ಏರಿದರೆ ಬ್ರೇಕುಗಳು ಅರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದು, ಡಿಸ್ಕುಗಳ ದಪ್ಪವನ್ನು ಅಳೆಸುವುದು, ತಕ್ಕಮಟ್ಟಿನ ಒಳ್ಳೆಯ ಪ್ಯಾಡು ಹಾಕಿಸುವುದು, ಇವೆಲ್ಲ ಸೇರಿ ಕೆಲವೇ ಸಾವಿರ. ಓಟದ ಕಣಕ್ಕೆಂದೇ ಮಾಡಿದ ಪ್ಯಾಡುಗಳು ಮಾತ್ರ ಬೇಡ. ಅವು ಕಾದ ಮೇಲೆ ಹಿಡಿಯುವಂಥವು, ಬೆಳಗ್ಗೆ ಮನೆಯ ಮುಂದಿನ ಮೊದಲ ಬ್ರೇಕಿಗೆ ಮುಷ್ಕರ ಹೂಡುತ್ತವೆ.

ಸ್ಪ್ರಿಂಗುಗಳ ಸಾಲನ್ನು ಹೊಡೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರನ್ನು ತಗ್ಗಿಸಿದರೆ ನಮ್ಮ ಅಡ್ಡರಸ್ತೆಯ ಉಬ್ಬುಗಳಲ್ಲಿ ಹೊಟ್ಟೆ ಉಜ್ಜುವುದು ಖಂಡಿತ. ಇರುವ ಸ್ಪ್ರಿಂಗನ್ನೇ ಕತ್ತರಿಸಿಕೊಡುತ್ತೇವೆ ಎನ್ನುವವರಿಂದಲಂತೂ ದೂರವೇ ಇರಬೇಕು. ಕತ್ತರಿಸಿದ ಸ್ಪ್ರಿಂಗು ತನ್ನ ಗೂಡಿನಿಂದ ಜಾರಬಹುದು. ಬದಲಾಗಿ 80,000 ಕಿಲೋಮೀಟರ್ ದುಡಿದು ದಣಿದಿದ್ದ ಡ್ಯಾಂಪರುಗಳನ್ನೂ ಅವುಗಳ ಮೇಲಿನ ರಬ್ಬರ್ ಬುಷ್‌ಗಳನ್ನೂ ಹೊಸದಾಗಿ ಹಾಕಿಸಿದೆವು.

ಸೈಲೆನ್ಸರಿನ ವಿಷಯದಲ್ಲಿ ಹುಡುಗನು ಬಹಳ ವಾದಿಸಿದನು. ಆಗ ಅವನ ತಂದೆಯೇ ಕಾನೂನಿನ ಮಾತೆತ್ತಿದರು. ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣದಂತೆ ತಯಾರಕರ ಮೂಲ ವಿವರಣೆಗೆ ವ್ಯತ್ಯಾಸವಾಗುವ ಮಾರ್ಪಾಡು ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಕರ್ಕಶ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ಪೊಲೀಸರು ರೋಲರ್ ಹಾಯಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ದಂಡಕ್ಕಿಂತಲೂ ಗಂಭೀರವಾದುದು ವಿಮೆಯ ವಿಚಾರ. ಮಾರ್ಪಾಡನ್ನು ವಿಮಾ ಸಂಸ್ಥೆಗೆ ತಿಳಿಸದೆ ಇದ್ದಲ್ಲಿ ಅಪಘಾತವಾದಾಗ ಪರಿಹಾರ ಕೈತಪ್ಪುವ ಸಂಭವವುಂಟು. ಆಗ ಹೊರೆ ಬೀಳುವುದು ಇಡೀ ಕುಟುಂಬದ ಮೇಲೆ. ಪಕ್ಕದ ಮನೆಯ ಎಂಬತ್ತರ ಅಜ್ಜಿಯವರ ನಿದ್ರೆಯನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಕೊನೆಗೆ ಉಳಿದದ್ದು ಇಂಜಿನ್ನಿನ ಗಣಕಕ್ಕೆ ಹೊಸ ತಂತ್ರಾಂಶ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಟರ್ಬೋ ಕಾರಿನಲ್ಲಿ ಕೊಟ್ಟ ಹಣಕ್ಕೆ ನಿಜವಾಗಿಯೂ ಶಕ್ತಿ ಕೊಡುವ ಬಾಬತ್ತು ಇದೊಂದೇ. ಟರ್ಬೋ ಒತ್ತಡವನ್ನು ತುಸು ಏರಿಸಿದರೆ 175ರ ಟಾರ್ಕು 220ರ ಆಸುಪಾಸಿಗೆ ಹೋಗಬಲ್ಲದು. ಆದರೆ ಆ ಕಾರಿನ ಏಳು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯಲ್ಲಿರುವುದು ಎಣ್ಣೆಯಿಲ್ಲದ ಒಣ ಜೋಡಿ ಕ್ಲಚ್ಚು. ತಯಾರಕರು ಅದಕ್ಕೆ ವಿಧಿಸಿದ ಮಿತಿ 250 ನ್ಯೂಟನ್ ಮೀಟರ್. ಹೊಸ ಕಾರಿಗೆ ಸಾಕಷ್ಟು ಅಂತರವುಂಟು. ಹತ್ತು ವರ್ಷ ನಗರದ ದಟ್ಟಣೆಯಲ್ಲಿ ತೆವಳಿ ಕಾದು ತಣಿದ ಕ್ಲಚ್ಚಿಗೆ ಎಷ್ಟು ಉಳಿದಿದೆ ಎಂಬುದನ್ನು ಪರೀಕ್ಷಿಸದೆ ಹೇಳಲಾಗದು. ಅದು ಸೋತರೆ ಆಗುವ ಖರ್ಚು ತಂತ್ರಾಂಶದ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಕಣ್ಣಿಗೆ ಕಾಣದ ಮಾರ್ಪಾಡೆಂದು ಅದನ್ನು ಕಾನೂನಿನ ಹೊರಗೆ ಇಟ್ಟುಕೊಳ್ಳುವುದೂ ಸರಿಯಲ್ಲ.

ಲೆಕ್ಕ ಹೀಗಾಯಿತು: ನಾಲ್ಕು ಟೈರುಗಳಿಗೆ 26,000, ಡ್ಯಾಂಪರು ಬುಷ್‌ಗಳಿಗೆ 19,000, ಬ್ರೇಕ್ ಪ್ಯಾಡು ಮತ್ತು ಎಣ್ಣೆಗೆ 6,500, ಪ್ಲಗ್ಗು, ಶೋಧಕ, ಇಂಜಿನ್ ಎಣ್ಣೆ, ಅಲೈನ್‌ಮೆಂಟ್ ಸೇರಿ 7,000. ಒಟ್ಟು 58,500 ರೂಪಾಯಿ. ತಂಗಿಯ ಚೀಟಿ ಹಣಕ್ಕೆ ಕೈ ಹಚ್ಚಲಿಲ್ಲ.

ಎರಡು ವಾರದ ನಂತರ ಅವನು ನನ್ನನ್ನು ಕೂರಿಸಿಕೊಂಡು ಮಾಗಡಿ ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಯವರೆಗೆ ಹೋಗಿಬಂದನು. ಸಣ್ಣಗೆ ಮಳೆ ಹನಿಯುತ್ತಿತ್ತು. ತಿರುವಿನಲ್ಲಿ ಕಾರು ಹಳಿಯ ಮೇಲೆ ಹೋದಂತೆ ಹೋಯಿತು. "ಮಾವ, ಇಂಜಿನ್ನು ಮುಟ್ಟದಿದ್ದರೂ ಬೇರೆಯೇ ಕಾರಿನಂತಿದೆ" ಎಂದನು. ತಂತ್ರಾಂಶದ ಆ ಒಂದು ಸಾಲನ್ನು ಮಾತ್ರ ಚೀಟಿಯಲ್ಲಿ ಅವನಿನ್ನೂ ಹೊಡೆದುಹಾಕಿಲ್ಲ. ಅದನ್ನು ಮಡಿಸಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟಿದ್ದಾನೆ. ಕ್ಲಚ್ಚು ಬದಲಿಸುವ ಕಾಲ ಬಂದಾಗ ನೋಡೋಣವೆಂದು ಹೇಳಿದ್ದೇನೆ.