ಆಫರ್ ಲೆಟರ್ ಬಂತೆಂದು ಜಾಗ ಮಾರುವ ಮೊದಲು

ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ನಮ್ಮ ಜಮಾಅತಿನವರೊಬ್ಬರು ಕೈಹಿಡಿದು ನಿಲ್ಲಿಸಿದರು. ಮೊಬೈಲಿನಲ್ಲಿ ಒಂದು ಪಿಡಿಎಫ್ ತೋರಿಸಿದರು. "ಉಸ್ತಾದರೇ, ಮಗನಿಗೆ ಕೆನಡಾದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹತ್ತು ಸೆಂಟ್ಸ್ ಜಾಗ ಉಂಟಲ್ಲ, ಅದನ್ನು ಕೊಟ್ಟುಬಿಡುವುದು ಅಂತ ಮಾಡಿದ್ದೇನೆ. ನೀವೊಂದು ದುಆ ಮಾಡಬೇಕು."

ದುಆ ಮಾಡಿದೆ. ಆಮೇಲೆ, ಈ ಪತ್ರವನ್ನು ಮನೆಯಲ್ಲಿ ಯಾರಾದರೂ ಪೂರ್ತಿ ಓದಿದ್ದೀರಾ ಎಂದು ಕೇಳಿದೆ. "ಏಜೆಂಟರು ಓದಿದ್ದಾರೆ" ಅಂದರು.

ನಮ್ಮ ಅಜ್ಜಂದಿರು ಬೊಂಬಾಯಿಗೆ ಹೋದರು, ಬಾಪಂದಿರು ಗಲ್ಫಿಗೆ ಹೋದರು. ಈಗ ಮಕ್ಕಳು ಸ್ಟೂಡೆಂಟ್ ವೀಸಾದಲ್ಲಿ ಹೊರಟಿದ್ದಾರೆ. ಇಲ್ಮ್ ಹುಡುಕಿಕೊಂಡು ಊರು ಬಿಡುವುದು ನಮಗೆ ಹೊಸತಲ್ಲ, ಅದನ್ನು ಬೇಡ ಅನ್ನುವವನು ನಾನಲ್ಲ. ಆದರೆ ಗಲ್ಫಿಗೆ ಹೋದವನಿಗೆ ಅರಬಿ ಸಂಬಳ ಕೊಡುತ್ತಿದ್ದ. ಇಲ್ಲಿ ಹಣ ಕೊಡುವವರು ನಾವು. ಹಾಗಿರುವಾಗ, ಆ ಕಡೆಯವರು ನಮ್ಮ ಮಕ್ಕಳನ್ನು ಯಾಕೆ ಕರೆಯುತ್ತಾರೆ ಎಂದು ತಿಳಿದುಕೊಳ್ಳುವುದು ಬೇಡವೇ?

ಬ್ರಿಟನ್‌ನ ಲೆಕ್ಕ ನೋಡಿ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಸ್ವಂತ ದೇಶದ ಮಕ್ಕಳಿಂದ ಪದವಿಗೆ ವರ್ಷಕ್ಕೆ ಇಷ್ಟೇ ಶುಲ್ಕ ಪಡೆಯಬೇಕೆಂದು ಸರಕಾರದ ಮಿತಿ ಇದೆ. 2017ರಿಂದ ಅದು 9,250 ಪೌಂಡಿನಲ್ಲಿ ನಿಂತಿತ್ತು, 2025ರಲ್ಲಿ 9,535 ಆಯಿತು. ಈ ನಡುವೆ ವಿದ್ಯುತ್ತು, ಸಂಬಳ, ಕಟ್ಟಡ ಎಲ್ಲದರ ಖರ್ಚು ಏರಿತು. ವಿದೇಶಿ ವಿದ್ಯಾರ್ಥಿಗೆ ಅಂತಹ ಮಿತಿ ಇಲ್ಲ. ಎರಡು ಪಟ್ಟು, ಕೆಲವು ಕೋರ್ಸಿಗೆ ಅದಕ್ಕಿಂತಲೂ ಹೆಚ್ಚು ಪಡೆಯಬಹುದು. ಕೆನಡಾದ ಒಂಟಾರಿಯೋದಲ್ಲೂ ಇದೇ ಕಥೆ. 2019ರಲ್ಲಿ ಅಲ್ಲಿನ ಸರಕಾರ ಸ್ಥಳೀಯರ ಶುಲ್ಕವನ್ನು ಶೇ. 10ರಷ್ಟು ಇಳಿಸಿ ಅಲ್ಲಿಗೇ ನಿಲ್ಲಿಸಿತು. ಕಾಲೇಜಿನವರು ಎಂತ ಮಾಡುವುದು? ಪಂಜಾಬಿನಿಂದ, ಗುಜರಾತಿನಿಂದ, ಕೇರಳದಿಂದ ಮಕ್ಕಳನ್ನು ತುಂಬಿಸಿದರು.

ಇದರಿಂದ ಅವರಿಗೆ ಒಳ್ಳೆಯದಾಗಿದೆ, ಅದನ್ನು ಒಪ್ಪಬೇಕು. ವಿದೇಶಿ ಮಕ್ಕಳು ಇಲ್ಲದಿದ್ದರೆ ಮುಚ್ಚಬೇಕಾಗಿದ್ದ ಸ್ನಾತಕೋತ್ತರ ತರಗತಿಗಳು ನಡೆಯುತ್ತಿವೆ. ಪ್ರಯೋಗಾಲಯಗಳಿಗೆ ಬುದ್ಧಿವಂತ ಹುಡುಗರು ಸಿಕ್ಕಿದ್ದಾರೆ. ಓದು ಮುಗಿಸಿದವರು ಅಲ್ಲಿಯೇ ನರ್ಸ್, ಇಂಜಿನಿಯರ್ ಆಗಿ ತೆರಿಗೆ ಕಟ್ಟುತ್ತಿದ್ದಾರೆ. ನಮ್ಮ ಮಕ್ಕಳಿಗೂ ಲಾಭ ಆಗಿದೆ. ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಓದಿ ಮರ್ಯಾದೆಯಿಂದ ನೆಲೆನಿಂತ ನಮ್ಮವರ ಮನೆಗಳು ನನಗೇ ಗೊತ್ತಿವೆ.

ತೊಂದರೆ ಶುರುವಾದದ್ದು ಸೀಟಿನ ಜೊತೆ ಮಲಗಲು ಜಾಗ ಇಲ್ಲದಾಗ. ಬ್ರಾಂಪ್ಟನ್‌ನಂತಹ ಊರುಗಳಲ್ಲಿ ಮನೆಯ ನೆಲಮಾಳಿಗೆಯಲ್ಲಿ ಒಂದೇ ಕೋಣೆಗೆ ಹಲವರು ಸೇರಿ ಬಾಡಿಗೆ ಹಂಚಿಕೊಂಡರು. ಬಾಡಿಗೆ ಏರಿತು, ಊರಿನವರ ಸಿಟ್ಟೂ ಏರಿತು. ವಿದ್ಯಾರ್ಥಿಗಳನ್ನು ಕರೆದದ್ದು ಕಾಲೇಜು, ಸಿಟ್ಟು ತಿಂದದ್ದು ವಿದ್ಯಾರ್ಥಿಗಳು.

ಸರಕಾರಗಳೂ ತಿರುಗಿ ನಿಂತವು. 2024ರ ಜನವರಿಯಲ್ಲಿ ಕೆನಡಾ ಸ್ಟಡಿ ಪರ್ಮಿಟಿಗೆ ಮಿತಿ ಹಾಕಿತು. ಆ ವರ್ಷ ಸುಮಾರು 3,60,000 ಹೊಸ ಪರ್ಮಿಟ್ ಮಾತ್ರ, ಅಂದರೆ ಹಿಂದಿನ ವರ್ಷಕ್ಕಿಂತ ಶೇ. 35ರಷ್ಟು ಕಡಿಮೆ ಎಂದಿತು. ಖರ್ಚಿಗೆಂದು ತೋರಿಸಬೇಕಾದ ಹಣವನ್ನು 10,000 ಡಾಲರಿನಿಂದ 20,635ಕ್ಕೆ ಏರಿಸಿತು, ಆಮೇಲೆ ಮತ್ತೂ ಏರಿಸಿದೆ. ಬ್ರಿಟನ್ ಅದೇ ತಿಂಗಳಿನಿಂದ, ಸಂಶೋಧನೆಯ ಕೋರ್ಸಿನವರನ್ನು ಬಿಟ್ಟು ಹೆಚ್ಚಿನವರಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಅವಕಾಶ ನಿಲ್ಲಿಸಿತು. ಆಸ್ಟ್ರೇಲಿಯಾದಲ್ಲಿ 710 ಡಾಲರ್ ಇದ್ದ ವೀಸಾ ಶುಲ್ಕ 2024ರಲ್ಲಿ 1,600, ಮರುವರ್ಷ 2,000 ಆಯಿತು. ಇತ್ತ ಒಂಟಾರಿಯೋದ ಕಾಲೇಜುಗಳಲ್ಲಿ ವಿದೇಶಿ ಮಕ್ಕಳ ಹಣ ನಿಂತದ್ದೇ ತಡ, ಕೋರ್ಸುಗಳು ಮುಚ್ಚಿದವು, ಮೇಷ್ಟ್ರುಗಳು ಕೆಲಸ ಕಳೆದುಕೊಂಡರು.

ನಮ್ಮ ಬಾಪಂದಿರಿಗೆ ಏಜೆಂಟರು ಹೇಳದೆ ಬಿಡುವುದು ಇದನ್ನೇ. ಅವರ ಬೋರ್ಡಿನಲ್ಲಿ ಸಲಹೆ ಉಚಿತ ಎಂದಿರುತ್ತದೆ. ಸೇರಿಸಿಕೊಂಡ ಪ್ರತಿ ವಿದ್ಯಾರ್ಥಿಗೆ ಕಾಲೇಜಿನಿಂದ ಅವರಿಗೆ ಕಮಿಷನ್ ಬರುವುದು ಈ ವ್ಯವಹಾರದಲ್ಲಿ ಸಾಮಾನ್ಯ. ಎಲ್ಲರೂ ಮೋಸಗಾರರೆಂದು ಹೇಳಿದರೆ ತಪ್ಪಾಗುತ್ತದೆ. ಆದರೆ 2023ರಲ್ಲಿ ನಕಲಿ ಪ್ರವೇಶ ಪತ್ರದಿಂದಾಗಿ ಕೆನಡಾದಿಂದ ಹೊರದಬ್ಬಿಸಿಕೊಳ್ಳುವ ಹೆದರಿಕೆಯಲ್ಲಿ ಬೀದಿಗೆ ಬಂದು ಕೂತ ಪಂಜಾಬಿನ ಮಕ್ಕಳನ್ನು ನೆನೆಸಿಕೊಳ್ಳಿ. ಆ ಪತ್ರ ಕೊಟ್ಟದ್ದೂ ಏಜೆಂಟನೇ.

ಆದುದರಿಂದ ಪತ್ರವನ್ನು ಕೂತು ಓದಿ. ಅದು ಷರತ್ತಿನ ಪತ್ರವೋ, ಪೂರ್ಣ ಪ್ರವೇಶವೋ? ವೀಸಾ ಸಿಗದಿದ್ದರೆ ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸ್? ಕಾಲೇಜಿನ ಹೆಸರು ಕೆನಡಾ ಸರಕಾರದ ಮಾನ್ಯತೆಯ ಪಟ್ಟಿಯಲ್ಲಿ ಉಂಟಾ? ಎಲ್ಲಕ್ಕಿಂತ ದೊಡ್ಡದು, ಓದು ಮುಗಿದ ಮೇಲೆ ಕೆಲಸದ ಪರವಾನಿಗೆ ಸಿಗುವ ಕೋರ್ಸಾ ಅದು? 2024ರ ನವೆಂಬರಿನಿಂದ ಅಲ್ಲಿ ಡಿಪ್ಲೊಮಾ ಮಾಡುವವರಿಗೆ ಸರಕಾರ ಗುರುತಿಸಿದ ವಿಷಯಗಳಾದರೆ ಮಾತ್ರ ಆ ಪರವಾನಿಗೆ. ಇದೆಲ್ಲ ಅವರ ಸರಕಾರದ ವೆಬ್‌ಸೈಟಿನಲ್ಲಿ ಇರುತ್ತದೆ. ನಿಮ್ಮ ಮಗಳು ಪಿಯುಸಿ ಓದುತ್ತಿದ್ದರೆ ಸಾಕು, ಅರ್ಧ ಗಂಟೆಯಲ್ಲಿ ಹುಡುಕಿ ಓದಿ ಹೇಳುತ್ತಾಳೆ. ಪಾರ್ಟ್‌ಟೈಮ್ ಕೆಲಸದಿಂದ ಫೀಸು ಕಟ್ಟುತ್ತೇನೆ ಎಂಬ ಮಾತನ್ನು ನಂಬಬೇಡಿ. ತರಗತಿ ನಡೆಯುವ ದಿನಗಳಲ್ಲಿ ಅಲ್ಲಿ ವಾರಕ್ಕೆ 24 ಗಂಟೆಗಿಂತ ಹೆಚ್ಚು ಹೊರಗೆ ದುಡಿಯುವಂತಿಲ್ಲ.

ಬಡ್ಡಿಯ ಪ್ರಶ್ನೆಯನ್ನೂ ಹಲವರು ಕೇಳುತ್ತಾರೆ. ಅದಕ್ಕೆ ಹೆದರಿ ಉಮ್ಮನ ಚಿನ್ನ, ಇರುವ ತುಂಡು ಜಾಗ ಮಾರುವವರಿದ್ದಾರೆ. ಅವರ ಹೆದರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಮಾರುವ ಮೊದಲು ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ, ವಿದೇಶ ವ್ಯಾಸಂಗದ ಸಾಲ ಯೋಜನೆಯ ಈ ವರ್ಷದ ಷರತ್ತು ಎಂತದ್ದು ಎಂದು ಕೇಳಿ. ಕೇಳಲು ನಾಚಿಕೆ ಪಟ್ಟು ಜಾಗ ಕಳೆದುಕೊಳ್ಳುವುದು ಯಾಕೆ?

ಹೊರಗಿನ ವಿದ್ಯಾರ್ಥಿಯಿಂದ ಹಣ ಮಾಡುವುದೇ ವಿಶ್ವವಿದ್ಯಾಲಯದ ಏಕೈಕ ದಾರಿಯಲ್ಲ. ಕೈರೋದ ಅಲ್ ಅಝ್ಹರ್ ಸಾವಿರ ವರ್ಷ ದಾಟಿದ ವಿದ್ಯಾಕೇಂದ್ರ. ಅಲ್ಲಿ ಮಗ್ರಿಬಿಗಳಿಗೆ, ಶಾಮಿನವರಿಗೆ, ತುರ್ಕಿಯವರಿಗೆ ಬೇರೆ ಬೇರೆ ರಿವಾಕ್ ಇದ್ದವು. ವಕ್ಫಿನಿಂದ ವಿದ್ಯಾರ್ಥಿಗಳಿಗೆ ರೊಟ್ಟಿ ಸಿಗುತ್ತಿತ್ತು. ಈಗಲೂ ಇಂಡೋನೇಶ್ಯಾ, ಮಲೇಶ್ಯಾದ ಮಕ್ಕಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಷ್ಟು ದೂರ ಯಾಕೆ, ನಮ್ಮ ದರ್ಸುಗಳನ್ನೇ ನೋಡಿ. ನಾನು ಮುತಅಲ್ಲಿಮ್ ಆಗಿದ್ದಾಗ ಬೇರೆ ಊರಿನ ಮಸೀದಿಯಲ್ಲಿದ್ದೆ. ಊಟ ದಿನಕ್ಕೊಂದು ಮನೆಯಲ್ಲಿ. ಒಂದು ಮನೆಯ ಉಮ್ಮ ನನಗೆ ಬಡಿಸದೆ ತನ್ನ ಮಕ್ಕಳಿಗೆ ಬಡಿಸುತ್ತಿರಲಿಲ್ಲ. ನಮ್ಮ ಉಸ್ತಾದರುಗಳ ಹೆಸರಿನ ಹಿಂದಿರುವ ಬಾಖವಿ, ಫೈಝಿ, ಸಅದಿ ಎಲ್ಲವೂ ಪರವೂರಿನಲ್ಲಿ ಓದಿದ ಗುರುತುಗಳೇ.

ಹಾಗಾದರೆ ನಮ್ಮೂರಿಗೆ ಓದಲು ಬಂದವರನ್ನು ನಾವು ಹೇಗೆ ನೋಡುತ್ತಿದ್ದೇವೆ? ಕೊಣಾಜೆಯಲ್ಲಿ, ದೇರಳಕಟ್ಟೆಯಲ್ಲಿ, ಮಣಿಪಾಲದಲ್ಲಿ ಹೊರದೇಶದ ಮಕ್ಕಳಿದ್ದಾರೆ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ಕೈಗೆ ಹೋದಾಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಿದ್ದ ಅಫ್ಘಾನ್ ಮಕ್ಕಳು ಮನೆಯವರ ಸುದ್ದಿಗೆ ಕಾದು ಕೂತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಇಂತಹವರು ನಮ್ಮ ಮಕ್ಕಳ ಸೀಟು ತಿನ್ನುತ್ತಾರೆ ಎಂಬ ಮಾತು ಉಂಟು. ಯುಜಿಸಿ 2022ರಲ್ಲಿ ವಿದೇಶಿಯರಿಗೆ ಅನುಮತಿಸಿದ ಶೇ. 25ರವರೆಗಿನ ಸೀಟುಗಳು ಇರುವ ಸೀಟಿನ ಮೇಲೆ ಹೆಚ್ಚುವರಿ. ಇರುವುದರಿಂದ ಕಿತ್ತು ಕೊಡುವುದಲ್ಲ.

ಬಾಡಿಗೆಗೆ ಕೋಣೆ ಕೊಡುವವರಲ್ಲಿ ನಮ್ಮವರೂ ಇದ್ದಾರೆ. ಅವರಿಗೊಂದು ಮಾತು: ವಿದೇಶಿ ವಿದ್ಯಾರ್ಥಿ ಬಂದು ಉಳಿದ 24 ಗಂಟೆಯೊಳಗೆ ಅವನ ವಿವರವನ್ನು ಮನೆಯವರು ಆನ್‌ಲೈನಿನಲ್ಲಿ ತುಂಬಬೇಕು. ತುಂಬದಿದ್ದರೆ ಪೊಲೀಸ್ ಠಾಣೆಗೆ ನಿಮಗೂ ಅಲೆದಾಟ, ಆ ಹುಡುಗನಿಗೂ ವೀಸಾ ಕಿರಿಕಿರಿ. ಹೊರಗಿನವನು ಎಂದು ಬಾಡಿಗೆ ಜಾಸ್ತಿ ಹೇಳುವವರು, ಬ್ರಾಂಪ್ಟನ್‌ನ ನೆಲಮಾಳಿಗೆಯಲ್ಲಿ ತಮ್ಮ ಮಗನೇ ಇದ್ದಾನೆ ಎಂದುಕೊಂಡು ಲೆಕ್ಕ ಹಾಕಲಿ.

ಆ ಜಮಾಅತಿನವರು ಮೊನ್ನೆ ಮತ್ತೆ ಸಿಕ್ಕಿದರು. ತಂಗಿಯ ಮಗಳು ಪತ್ರ ಓದಿ ಕೊಟ್ಟಳಂತೆ. ಕೋರ್ಸು ಕೆಲಸದ ಪರವಾನಿಗೆಯ ಪಟ್ಟಿಯಲ್ಲಿ ಇರಲಿಲ್ಲ. ಮಗ ಎರಡು ದಿನ ಮಾತು ಬಿಟ್ಟನಂತೆ, ಈಗ ಬೇರೆ ಕೋರ್ಸು ಹುಡುಕುತ್ತಿದ್ದಾನೆ. ಹೋಗುವುದು ಹೋಗುವುದೇ ಅನ್ನುತ್ತಾನೆ. ಜಾಗ ಮಾರಿಲ್ಲ. ಮುಂದಿನ ಪತ್ರ ಬಂದರೆ ಇಶಾದ ಮೇಲೆ ಎಲ್ಲರೂ ಕೂತು ಓದುವುದೆಂದು ಮಾತಾಗಿದೆ.